ಒಂದನೇ ಕ್ಲಾಸಿನವರು ಕೊನೆಗೆ ಯಾಕೆ ಬಂದರು?

ಕೊರೊನಾ ಕಾಲದಲ್ಲಿ ಮಕ್ಕಳ ವೈದ್ಯೆಯಾಗಿ ನಾನು ಅತಿ ಹೆಚ್ಚು ಕೇಳಿಸಿಕೊಂಡ ಪ್ರಶ್ನೆ ಔಷಧಿಯದ್ದಲ್ಲ. "ಡಾಕ್ಟ್ರೇ, ಸ್ಕೂಲಿಗೆ ಕಳಿಸಬಹುದಾ? ದಿನವಿಡೀ ಮಾಸ್ಕ್ ಹಾಕಿದ್ರೆ ಮಗುಗೆ ಉಸಿರು ಕಟ್ಟಲ್ವಾ?" ಈಗಲೂ ಮಳೆಗಾಲದಲ್ಲಿ ಫ್ಲೂ ಜಾಸ್ತಿಯಾದರೆ ಇದೇ ಪ್ರಶ್ನೆ ಬರುತ್ತದೆ.

ಉಸಿರು ಕಟ್ಟುವುದಿಲ್ಲ. ನಾವು ಉಸಿರಾಡುವ ಗಾಳಿ ಬಟ್ಟೆಯ ನೂಲಿನ ಸಂದಿಯಲ್ಲಿ ಸಲೀಸಾಗಿ ಓಡಾಡುತ್ತದೆ. ಮಾಸ್ಕ್ ತಡೆಯುವುದು ಮಾತಾಡಿದಾಗ, ಕೆಮ್ಮಿದಾಗ ಹಾರುವ ಹನಿಗಳನ್ನು. ಆದರೆ ಅದು ಮೂಗಿನ ಮೇಲಿರಬೇಕು, ಒದ್ದೆಯಾದರೆ ಬದಲಿಸಬೇಕು, ಚಂದ ಇದೆ ಅಂತ ಪಕ್ಕದವನ ಮಾಸ್ಕ್ ಕಿತ್ತುಕೊಳ್ಳಬಾರದು. ನಾಲ್ಕು ವರ್ಷದ ಮಗುವಿನಿಂದ ಇದನ್ನೆಲ್ಲ ಬಯಸುವವರು ಆ ವಯಸ್ಸಿನವರನ್ನು ಸಾಕಿರಲಿಕ್ಕಿಲ್ಲ! ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ರ ಆಗಸ್ಟ್‌ನಲ್ಲೇ ಇದನ್ನು ಹೇಳಿದ್ದವು. 5 ವರ್ಷದವರೆಗೆ ಕಡ್ಡಾಯ ಬೇಡ. 12 ದಾಟಿದವರಿಗೆ ದೊಡ್ಡವರ ನಿಯಮವೇ. ನಡುವಿನ 6ರಿಂದ 11ರವರಿಗೆ ಊರಲ್ಲಿ ಸೋಂಕು ಎಷ್ಟಿದೆ, ಮಗುವಿಗೆ ಸರಿಯಾಗಿ ಹಾಕಿಕೊಳ್ಳಲು ಬರುತ್ತದಾ ಎಂದು ನೋಡಿ ತೀರ್ಮಾನಿಸಿ.

ಹಾಗಾಗಿ ನಿಜವಾದ ಚರ್ಚೆ ಇದ್ದದ್ದು ಒಂದರಿಂದ ಐದನೇ ಕ್ಲಾಸಿನವರ ಬಗ್ಗೆ. ಅಲ್ಲಿ ಮಾಸ್ಕಿಗಾಗಿ ತೆರಬೇಕಾದ ಬೆಲೆಯೂ ಇದೆ. ಲ ಮತ್ತು ಳ, ಅ ಮತ್ತು ಹ ಕಲಿಯುವ ಮಗು ಮೇಷ್ಟ್ರ ಬಾಯಿಯನ್ನೇ ನೋಡುತ್ತಿರುತ್ತದೆ. ಕಿವಿ ಮಂದವಿರುವ ಮಗುವಿಗಂತೂ ತುಟಿಯ ಚಲನೆಯೇ ಅರ್ಧ ಪಾಠ. ಮೇಲಾಗಿ, ಬೆಳಿಗ್ಗೆಯಿಂದ ಮಾಸ್ಕ್ ಹಾಕಿಸಿ, ಬಿಸಿಯೂಟಕ್ಕೆ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಒತ್ತಾಗಿ ಕೂರಿಸಿದರೆ ಏನು ಬಂತು? ಜಗಲಿಯಲ್ಲಿ ಎರಡು ಪಂಕ್ತಿ ಮಾಡುವುದು, ಕಿಟಕಿ ತೆರೆದಿಡುವುದು, ಮೇಷ್ಟ್ರು ಲಸಿಕೆ ಹಾಕಿಸಿಕೊಳ್ಳುವುದು: ನನ್ನ ಲೆಕ್ಕದಲ್ಲಿ ಆ ವಯಸ್ಸಿನವರ ಮಾಸ್ಕ್‌ಗಿಂತ ಇವು ಮುಖ್ಯವಾಗಿದ್ದವು.

ಇಷ್ಟಾದರೂ ನಾವು ಯಾವ ಕ್ಲಾಸನ್ನು ಮೊದಲು ತೆರೆದೆವು? ಕರ್ನಾಟಕದಲ್ಲಿ 2021ರ ಆಗಸ್ಟ್ 23ಕ್ಕೆ ಒಂಬತ್ತರಿಂದ ಹನ್ನೆರಡನೇ ತರಗತಿ. ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟು. ಒಂದರಿಂದ ಐದನೆಯವರ ಸರದಿ ಬಂದದ್ದು ಅಕ್ಟೋಬರ್ 25ಕ್ಕೆ. 2020ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಗು ತರಗತಿಯ ಒಳಗೆ ಕೂತಾಗ ಎರಡನೇ ಕ್ಲಾಸಿನಲ್ಲಿತ್ತು. 2021ರ ಜುಲೈನಲ್ಲೇ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಆಗಿನ ಮುಖ್ಯಸ್ಥ ಬಲರಾಮ್ ಭಾರ್ಗವ, ಶಾಲೆ ತೆರೆಯುವುದಾದರೆ ಪ್ರಾಥಮಿಕ ಶಾಲೆಯಿಂದ ಶುರುಮಾಡುವುದೇ ಜಾಣತನ ಎಂದಿದ್ದರು. ಚಿಕ್ಕವರು ಈ ಸೋಂಕನ್ನು ದೊಡ್ಡವರಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತಾರೆ ಎಂಬುದು ಅವರ ಕಾರಣ. ಸಿಬ್ಬಂದಿಗೆಲ್ಲ ಲಸಿಕೆ ಆಗಿರಬೇಕು ಎಂಬ ಷರತ್ತೂ ಇತ್ತು.

ನಾವು ಉಲ್ಟಾ ಹೋದದ್ದಕ್ಕೆ, ನನಗನ್ನಿಸುವಂತೆ, ವೈರಸ್‌ಗಿಂತ ಬೋರ್ಡ್ ಪರೀಕ್ಷೆ ಕಾರಣ. 2020ರ ಜೂನ್‌ನಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಮಾಸ್ಕ್ ಹಾಕಿಸಿ ಎಸ್‌ಎಸ್‌ಎಲ್‌ಸಿಗೆ ಕೂರಿಸಿದ್ದೆವು. ಒಂದನೇ ಕ್ಲಾಸಿಗೆ ರ್‍ಯಾಂಕೂ ಇಲ್ಲ, ಸುದ್ದಿಯೂ ಇಲ್ಲ.

ಹೆದರಿದ ತಂದೆತಾಯಿಯರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಡೆಲ್ಟಾ ಅಲೆಯಲ್ಲಿ ಹಾಸಿಗೆಗಾಗಿ ಅಲೆದವರು ಅವರು. ಮನೆಯಲ್ಲಿ ಅಜ್ಜಿ ತಾತ ಇದ್ದರು. ಸೋಂಕು ತಗುಲಿ ಕೆಲವು ವಾರಗಳ ಮೇಲೆ ಜ್ವರ, ಕೆಂಪು ಕಣ್ಣು, ಮೈಮೇಲೆ ಗಂದೆಗಳೊಂದಿಗೆ ಬರುತ್ತಿದ್ದ ಎಂಐಎಸ್-ಸಿ (ಮಕ್ಕಳ ಹಲವು ಅಂಗಗಳಲ್ಲಿ ಉರಿಯೂತ ತರುವ ಕಾಯಿಲೆ) ಅಪರೂಪವಾದರೂ ನಮ್ಮನ್ನೂ ನಡುಗಿಸಿತ್ತು. ಊರೂರಿಗೆ ಹೋಗಿ ಮೇಷ್ಟ್ರು ಪಾಠ ಮಾಡುತ್ತಿದ್ದ 'ವಿದ್ಯಾಗಮ' ಸೋಂಕಿನ ಸುದ್ದಿ ಬಂದು 2020ರ ಅಕ್ಟೋಬರ್‌ನಲ್ಲಿ ನಿಂತಿತು. ಆಗ ಲಸಿಕೆ ಇರಲಿಲ್ಲ, ನಿಲ್ಲಿಸಿದ್ದು ನನಗೆ ಅರ್ಥವಾಗುತ್ತದೆ. ಮುಂದಿನ ವರ್ಷ ಲಸಿಕೆ ಬಂದ ಮೇಲೂ ಪುಟ್ಟವರನ್ನೇ ಕೊನೆಗೆ ನಿಲ್ಲಿಸಿದ್ದು ಮಾತ್ರ ಅರ್ಥವಾಗುವುದಿಲ್ಲ.

ಅದರ ಬೆಲೆಯೂ ಗೊತ್ತಿರದ ವಿಷಯವಾಗಿರಲಿಲ್ಲ. 2021ರ ಫೆಬ್ರುವರಿಯಲ್ಲೇ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳ ಅಧ್ಯಯನವನ್ನು ಪ್ರಕಟಿಸಿತ್ತು. ಎರಡರಿಂದ ಆರನೇ ತರಗತಿಯ ಮಕ್ಕಳು ಅವರು. ಶೇ 92ರಷ್ಟು ಮಕ್ಕಳು ಹಿಂದಿನ ವರ್ಷ ಕಲಿತಿದ್ದ ಒಂದಲ್ಲ ಒಂದು ಭಾಷಾ ಕೌಶಲವನ್ನು ಕಳೆದುಕೊಂಡಿದ್ದರು. ಆನ್‌ಲೈನ್ ಪಾಠವಂತೆ! ಇದ್ದ ಒಂದು ಫೋನು ಅಪ್ಪನ ಜೇಬಲ್ಲಿ ಕೆಲಸಕ್ಕೆ ಹೋಗುತ್ತಿತ್ತು.

ಸದ್ಯಕ್ಕೆ ಕೇಳುವವರಿಗೆ ನನ್ನ ಉತ್ತರ ಇಷ್ಟು. ಫ್ಲೂ ಹೆಚ್ಚಿದೆಯೆಂದು ಆರೋಗ್ಯವಾಗಿರುವ ಮಗುವನ್ನು ಮನೆಯಲ್ಲಿ ಕೂರಿಸಬೇಡಿ. ಜ್ವರ ಇರುವ ಮಗುವನ್ನು ಮಾಸ್ಕ್ ಹಾಕಿ ಕಳಿಸಲೂ ಬೇಡಿ. ಹಾಗೆಯೇ ನೂರಕ್ಕೆ ನೂರು ಹಾಜರಾತಿಗೆ ಬಹುಮಾನ ಕೊಡುವ ಶಾಲೆ ನಿಮ್ಮದಾಗಿದ್ದರೆ, ಮುಂದಿನ ಪೋಷಕರ ಸಭೆಯಲ್ಲಿ ಅದನ್ನು ನಿಲ್ಲಿಸಲು ಹೇಳಿ. ಕೆಮ್ಮುತ್ತಲೇ ಶಾಲೆಗೆ ಬರುವ ಎಷ್ಟೋ ಮಕ್ಕಳು ಆ ಬಹುಮಾನಕ್ಕಾಗಿಯೇ ಬರುತ್ತಾರೆ.