ಕುಳಿಯ ತಳ ಯಾರ ಲೆಕ್ಕದ್ದು?

ಹದಿನೇಳನೆಯ ಕುಳಿಯ ಆಳ 10.5 ಮೀಟರ್ ಎಂದು ಡ್ರಿಲ್ಲರ್ ಹಿಂದಿನ ಸಂಜೆ ಪುಸ್ತಕದಲ್ಲಿ ಬರೆದಿಟ್ಟು ಹೋಗಿದ್ದ. ಬೆಳಿಗ್ಗೆ ಟೇಪು ಇಳಿಬಿಟ್ಟಾಗ ಬಂದದ್ದು 9.3. ರಾತ್ರಿ ಕಳೆಯುವುದರೊಳಗೆ 1.2 ಮೀಟರ್ ಎಲ್ಲಿ ಮಾಯವಾಯಿತು? ಕೊರೆಯುವವರಿಗೆ ಹಣ ಸಿಗುವುದು ಮೀಟರ್ ಲೆಕ್ಕದಲ್ಲಿ. ಹಾಗಾಗಿ ಅನುಮಾನ ಮೊದಲು ಹೋದದ್ದು ಅವನ ಮೇಲೆಯೇ. ಆದರೆ ಅವನು ಸುಳ್ಳು ಬರೆದಿರಲಿಲ್ಲ, ಟೇಪೂ ಸುಳ್ಳು ಹೇಳಿರಲಿಲ್ಲ.

ಇದು ಕಲಬುರಗಿ ಜಿಲ್ಲೆಯ ಒಂದು ಸುಣ್ಣಕಲ್ಲಿನ ಗಣಿಯಲ್ಲಿ, ಜುಲೈ ಕೊನೆಯ ಒಂದು ಬೆಳಿಗ್ಗೆ ಕಂಡದ್ದು. ಮಳೆ ನಿಂತಿತ್ತು, ಮೋಡ ಹೋಗಿರಲಿಲ್ಲ. ಸಿಮೆಂಟಿಗೆ ಬೇಕಾದ ಕಲ್ಲನ್ನು ಇಲ್ಲಿ ದೈತ್ಯ ಮೆಟ್ಟಿಲುಗಳ ಹಾಗೆ ಕಡಿದುಕೊಂಡು ಹೋಗುತ್ತಾರೆ. ಒಂದೊಂದು ಮೆಟ್ಟಿಲಿಗೂ ಗಣಿಯವರು ಹೇಳುವುದು ಬೆಂಚ್ ಎಂದು. ಬೆಂಚಿನ ನೆತ್ತಿಯ ಮೇಲೆ ಸಾಲಾಗಿ, ಅಂಗೈ ಅಗಲದ ಕುಳಿಗಳನ್ನು ಕೊರೆದು, ಮದ್ದು ತುಂಬಿ, ಒಂದು ಪದರವನ್ನೇ ಒಮ್ಮೆಗೆ ಬೀಳಿಸುವುದು ಕೆಲಸ. ಈ ಬೆಂಚಿನ ಎತ್ತರ ಒಂಬತ್ತೂವರೆ ಮೀಟರ್. ಕುಳಿಯನ್ನು ಅದಕ್ಕಿಂತ ಒಂದು ಮೀಟರ್ ಕೆಳಕ್ಕೆ ಒಯ್ದಿದ್ದರು. ಹಾಗೆ ಮಾಡದಿದ್ದರೆ ಬುಡದ ಕಲ್ಲು ಪೂರ್ತಿ ಒಡೆಯುವುದಿಲ್ಲ. ಸ್ಫೋಟವಾದ ಮೇಲೆ ನೆಲ ಸಮತಟ್ಟಾಗಿ ಸಿಗುವ ಬದಲು ಅಲ್ಲಲ್ಲಿ ಗಟ್ಟಿ ಗಂಟುಗಳು ತಲೆಯೆತ್ತಿ ನಿಲ್ಲುತ್ತವೆ. ಇದನ್ನು ಟೋ ಎನ್ನುತ್ತಾರೆ. ಅಗೆಯುವ ಯಂತ್ರದ ಹಲ್ಲು ಮುರಿಯುವುದು ಇಂಥ ಕಡೆಯೇ.

ಒಂದು ಮೀಟರ್ ಹೆಚ್ಚುಕಮ್ಮಿಯಾದರೆ ಏನು ಮಹಾ ಎನ್ನುವವರು ಈ ಲೆಕ್ಕ ನೋಡಬೇಕು. ಕುಳಿಯ ವ್ಯಾಸ 115 ಮಿಲಿಮೀಟರ್. ಅಂದರೆ ಪ್ರತಿ ಮೀಟರಿಗೆ ಸುಮಾರು 10.4 ಲೀಟರ್ ಜಾಗ. ಈಗ ಹೆಚ್ಚಾಗಿ ಬಳಸುವ, ಲೇಹ್ಯದಂಥ ಎಮಲ್ಷನ್ ಮದ್ದು ನೀರಿಗಿಂತ ತುಸು ತೂಕ, ಸಾಂದ್ರತೆ 1.15 ಎಂದುಕೊಂಡರೆ ಮೀಟರಿಗೆ ಸುಮಾರು 12 ಕೆಜಿ ಹಿಡಿಯುತ್ತದೆ. ಮೇಲಿನ ಮೂರು ಮೀಟರಿನಲ್ಲಿ ಜಲ್ಲಿ ತುರುಕಿ ಬಾಯಿ ಕಟ್ಟುವುದು ಯೋಜನೆ. ಉಳಿದ ಏಳೂವರೆ ಮೀಟರಿಗೆ 90 ಕೆಜಿ ಮದ್ದು. ಕುಳಿ ನಿಜಕ್ಕೂ 9.3 ಮೀಟರ್ ಇದ್ದು, ಪುಸ್ತಕ ನಂಬಿ 90 ಕೆಜಿ ಸುರಿದರೆ, ಮದ್ದು 1.2 ಮೀಟರ್ ಮೇಲಕ್ಕೆ ಬಂದು ಕೂರುತ್ತದೆ. ಬಾಯಿ ಕಟ್ಟಲು ಉಳಿಯುವುದು 1.8 ಮೀಟರ್ ಮಾತ್ರ. ಅಷ್ಟು ತೆಳುವಾದ ಮುಚ್ಚಳವನ್ನು ಸ್ಫೋಟದ ಅನಿಲ ಎತ್ತಿ ಒಗೆಯುತ್ತದೆ, ಜೊತೆಗೆ ಕಲ್ಲುಗಳನ್ನೂ. ಗಣಿಗಳಲ್ಲಿ ಜನ ಅತಿಯಾಗಿ ಹೆದರುವುದು ಸದ್ದಿಗಲ್ಲ, ಹಾರಿ ಬರುವ ಈ ಕಲ್ಲಿಗೆ.

ಅಳೆಯುವ ಸಾಧನ ನೋಡಿದರೆ ನಗು ಬರಬಹುದು. ಒಂದು ಟೇಪು, ಅದರ ತುದಿಗೆ ಕಟ್ಟಿದ ಕಬ್ಬಿಣದ ಗುಂಡು. ಅಷ್ಟೇ. ಅದನ್ನು ಹಿಡಿದಿದ್ದ ಮೇಟ್, ಅಂದರೆ ಗಣಿ ಕೆಲಸದ ಮೇಲ್ವಿಚಾರಕರು, ಐವತ್ತು ದಾಟಿದವರು. ಕುಳಿಯ ಬಾಯಿಯ ಸುತ್ತ ಕೊರೆದ ಪುಡಿ ಪುಟ್ಟ ಹುತ್ತದಂತೆ ಗುಡ್ಡೆಬಿದ್ದಿತ್ತು. ಮೊದಲು ಅದನ್ನು ಬೂಟಿನಿಂದ ಒಂದು ಕಡೆಗೆ ಸರಿಸಿ ಗಟ್ಟಿ ಕಲ್ಲು ಕಾಣುವಂತೆ ಮಾಡಿದರು. ಗುಡ್ಡೆಯ ತುದಿಯಿಂದ ಅಳೆದರೆ ಒಂದು ಗೇಣು ಆಳ ಪುಕ್ಕಟೆಯಾಗಿ ಸೇರಿಕೊಳ್ಳುತ್ತದೆ. ಆಮೇಲೆ ಗುಂಡನ್ನು ನನಗೆ ತೋರಿಸಿದರು. ಟೇಪಿನ ಸೊನ್ನೆ ಇರುವುದು ಕೊಕ್ಕೆಯ ಹತ್ತಿರ; ಗುಂಡು ಅದಕ್ಕಿಂತ ಕೆಳಗೆ ಇನ್ನೂ 18 ಸೆಂಟಿಮೀಟರ್ ಜೋತಾಡುತ್ತದೆ. ಅದನ್ನು ಕೂಡಿಸದಿದ್ದರೆ ಕುಳಿ ಅಷ್ಟು ಗಿಡ್ಡವಾಗುತ್ತದೆ. ಕೂಡಿಸಿದವರು ಒಬ್ಬರು, ಕೂಡಿಸದವರು ಇನ್ನೊಬ್ಬರು ಅಳೆದರೆ ಜಗಳ ಗ್ಯಾರಂಟಿ.

ಒಣ ಕುಳಿಯಲ್ಲಿ ಗುಂಡು ತಳ ಮುಟ್ಟಿದ್ದು ಮಕ್ಕಳಿಗೂ ಗೊತ್ತಾಗುತ್ತದೆ. ಟಣ್ ಎನ್ನುತ್ತದೆ, ಟೇಪು ಸಡಿಲಾಗುತ್ತದೆ. ನೀರಿದ್ದರೆ ಎರಡೂ ಮಸುಕು. ಆರ್ಕಿಮಿಡೀಸನ ತತ್ತ್ವ ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಇಲ್ಲಿ ಬೆರಳಿನ ತುದಿಗೆ ಬರುತ್ತದೆ. ಒಂದು ಕೆಜಿ ಕಬ್ಬಿಣ ನೀರಿಗಿಳಿದೊಡನೆ ಸುಮಾರು 130 ಗ್ರಾಂ ಹಗುರಾಗುತ್ತದೆ. ಸೀಸವಾದರೆ 90 ಗ್ರಾಂ. ಗುಂಡು ಕಳೆದುಹೋಯಿತೆಂದು ಟೇಪಿಗೆ ಕಲ್ಲು ಕಟ್ಟಿ ಇಳಿಬಿಡುವವರಿದ್ದಾರೆ. ಗ್ರಾನೈಟ್ ಕಲ್ಲು ನೀರಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ತೂಕ ಕಳೆದುಕೊಳ್ಳುತ್ತದೆ. ಒದ್ದೆ ಗೋಡೆಗೆ ಅಂಟಿಕೊಳ್ಳುವ ಟೇಪು ಬೇರೆ. ಕೈಗೆ ಬರುವ ಸುದ್ದಿ ಕ್ಷೀಣವಾಗುತ್ತಾ ಹೋಗುತ್ತದೆ.

“ಗುಂಡು ಕೂತಿತೋ, ನಡುವೆ ಸಿಕ್ಕಿಕೊಂಡಿತೋ ಕೈಗೆ ಗೊತ್ತಾಗಬೇಕು ಸರ್,” ಎಂದರು ಮೇಟ್. ಅವರು ಟೇಪನ್ನು ಒಂದು ಗೇಣು ಎತ್ತಿ ಬಿಡುತ್ತಿದ್ದರು, ಮತ್ತೆ ಎತ್ತಿ ಬಿಡುತ್ತಿದ್ದರು. ಗೋಡೆಯ ಮೊನೆಗೆ ಸಿಕ್ಕಿದ್ದರೆ ಮೂರನೆಯ ಸಲಕ್ಕೆ ಜಾರುತ್ತದೆ. ಕಲ್ಲಿನ ಮೇಲೆ ಕೂತಿದ್ದರೆ ಪ್ರತಿ ಸಲವೂ ಅದೇ ಅಂಕಿ. ಕೆಸರಿನಲ್ಲಿದ್ದರೆ ಬಿಟ್ಟಷ್ಟೂ ಒಂದಿಷ್ಟು ಇಳಿಯುತ್ತದೆ, ಎತ್ತುವಾಗ ಚಪ್ಪಲಿಯನ್ನು ಗದ್ದೆ ಹಿಡಿದುಕೊಳ್ಳುವ ಹಾಗೆ ಹಿಡಿದುಕೊಳ್ಳುತ್ತದೆ. ಹದಿನೇಳನೆಯ ಕುಳಿ ಹಿಡಿದುಕೊಂಡಿತು. ಮೇಲೆ ಬಂದ ಗುಂಡಿನ ಮೈಗೆ ಬೂದು ಬಣ್ಣದ ಲೇಪ ಮೆತ್ತಿತ್ತು.

ಈ ಲೇಪವನ್ನು ಓದುವ ವಿದ್ಯೆ ಹಳೆಯದು. ಹಾಯಿಹಡಗಿನ ಕಾಲದ ನಾವಿಕರು ಆಳ ನೋಡುವ ಸೀಸದ ಗುಂಡಿನ ತಳದಲ್ಲಿ ಒಂದು ಗುಳಿ ಮಾಡಿ, ಅದಕ್ಕೆ ಪ್ರಾಣಿಗಳ ಕೊಬ್ಬು ಮೆತ್ತುತ್ತಿದ್ದರು. ತಳದ ಮರಳೋ ಚಿಪ್ಪೋ ಕೆಸರೋ ಅದಕ್ಕೆ ಅಂಟಿ ಮೇಲೆ ಬರುತ್ತಿತ್ತು. ಎಷ್ಟು ಆಳ ಎಂಬುದರ ಜೊತೆಗೆ ಎಂಥ ತಳ ಎಂಬುದೂ ಗೊತ್ತಾಗುತ್ತಿತ್ತು. ನಡುಗಡಲಿನಲ್ಲಿ ಮಾತ್ರ ಅವರ ಕಷ್ಟ ಬೇರೆ ಇತ್ತು. ಸೆಣಬಿನ ದಪ್ಪ ಹಗ್ಗ ಗುಂಡು ತಳ ಸೇರಿದ ಮೇಲೂ ತನ್ನದೇ ಭಾರಕ್ಕೆ, ಹರಿವಿನ ಸೆಳೆತಕ್ಕೆ ಬಿಚ್ಚಿಕೊಳ್ಳುತ್ತಲೇ ಇರುತ್ತಿತ್ತು. 1872ರಲ್ಲಿ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು, ಬಿಸ್ಕೇ ಕೊಲ್ಲಿಯಲ್ಲಿ ಹಗ್ಗದ ಬದಲು ಪಿಯಾನೋ ತಂತಿ ಇಳಿಬಿಟ್ಟರು. ತೆಳುವಾದ ತಂತಿಯನ್ನು ನೀರು ಹಿಡಿಯುವುದು ಕಡಿಮೆ, ಹಾಗಾಗಿ ಗುಂಡು ಕೂತ ಕ್ಷಣ ಸ್ಪಷ್ಟವಾಗಿ ತಿಳಿಯುತ್ತದೆ. ನಿರಪೇಕ್ಷ ಉಷ್ಣಮಾನಕ್ಕೆ ಹೆಸರಾದ ವಿಜ್ಞಾನಿ ಹಗ್ಗದ ದಪ್ಪದ ಬಗ್ಗೆ ತಲೆಕೆಡಿಸಿಕೊಂಡಿದ್ದರು ಎಂಬುದು ನನಗೆ ಬಹಳ ಇಷ್ಟದ ಸಂಗತಿ.

ಈ ಕಾಲದಲ್ಲೂ ಟೇಪು, ಗುಂಡೇ? ಧ್ವನಿ ಇಲ್ಲವೇ, ಲೇಸರ್ ಇಲ್ಲವೇ? ಇವೆ. ಆದರೆ ಚಿಕ್ಕಂದಿನಲ್ಲಿ ಬಾವಿಗೆ ಕಲ್ಲು ಹಾಕಿದ್ದನ್ನು ನೆನಪಿಸಿಕೊಳ್ಳಿ. ಎರಡು ಸೆಕೆಂಡಿಗೆ ಗುಳುಂ ಎಂದರೆ ನೀರು ಹತ್ತೊಂಬತ್ತು ಮೀಟರಿನಷ್ಟು ಕೆಳಗಿದೆ ಎಂದು ಅಂದಾಜಿಸಬಹುದು. ಆ ಗುಳುಂ ನೀರಿನ ಮೇಲ್ಮೈಯ ಸದ್ದು. ತಳದ ಬಗ್ಗೆ ಅದು ಏನೂ ಹೇಳುವುದಿಲ್ಲ. ಕುಳಿಯ ಬಾಯಲ್ಲಿಟ್ಟ ಧ್ವನಿಮಾಪಕದ್ದೂ ಇದೇ ಪಾಡು. ಗಾಳಿಯಲ್ಲಿ ಬಂದ ಧ್ವನಿಯ ಶಕ್ತಿಯಲ್ಲಿ ಸಾವಿರದಲ್ಲಿ ಒಂದು ಪಾಲಷ್ಟೇ ನೀರಿನೊಳಕ್ಕೆ ಇಳಿಯುತ್ತದೆ, ಉಳಿದದ್ದು ಪುಟಿದು ವಾಪಸು ಬರುತ್ತದೆ. ಒಳಹೋದ ಆ ಒಂದು ಪಾಲು ತಳ ಮುಟ್ಟಿ ಹೊರಬರುವಾಗ ಮತ್ತೆ ಅದೇ ಸುಂಕ ಕಟ್ಟಬೇಕು. ಕೈಗೆ ಉಳಿಯುವುದು ಹತ್ತು ಲಕ್ಷದಲ್ಲಿ ಒಂದು. ಲೇಸರ್ ಬೆಳಕಿಗೆ ಈ ಕೆಸರುನೀರು ಗೋಡೆಯೇ ಸರಿ. ಒತ್ತಡ ಅಳೆಯುವ ಸಾಧನವನ್ನು ನೀರಿನೊಳಗೆ ಇಳಿಸಬಹುದು. ಹತ್ತು ಮೀಟರ್ ನೀರಿಗೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಎಂಬುದು ಸರಳ ಲೆಕ್ಕ. ಅದು ಶುದ್ಧ ನೀರಿನ ಲೆಕ್ಕ. ನೀರಿನಲ್ಲಿ ಗಾತ್ರದ ಲೆಕ್ಕದಲ್ಲಿ ಐದನೇ ಒಂದು ಪಾಲು ಕಲ್ಲುಪುಡಿ ಕದಡಿಕೊಂಡಿದ್ದರೆ ಸಾಂದ್ರತೆ 1.33 ಆಗುತ್ತದೆ, ಮೂರು ಮೀಟರ್ ಆಳವನ್ನು ಸಾಧನ ನಾಲ್ಕು ಎಂದು ತೋರಿಸುತ್ತದೆ.

ಈಗ ಕಾಣೆಯಾದ 1.2 ಮೀಟರಿನ ವಿಷಯ. ಕುಳಿಯಲ್ಲಿ ಐದೂವರೆ ಮೀಟರ್ ನೀರಿತ್ತು, ಅಂದರೆ ಸುಮಾರು 57 ಲೀಟರ್. ನಾಲ್ಕು ಕೊಡ ಎನ್ನಿ. ಕೊರೆದ ಪುಡಿಯನ್ನು ಯಂತ್ರದ ಗಾಳಿ ಮೇಲಕ್ಕೆ ಊದುತ್ತದೆಯಾದರೂ ನೀರು ಸೇರಿದಾಗ ಒಂದಿಷ್ಟು ಅಲ್ಲೇ ಕದಡಿಕೊಂಡು ಉಳಿಯುತ್ತದೆ. ಸಂಜೆ ಯಂತ್ರ ನಿಂತ ಕೂಡಲೇ ಅದು ತಳಕ್ಕೆ ಇಳಿಯತೊಡಗುತ್ತದೆ. ಒಂದು ಮಿಲಿಮೀಟರ್ ಗಾತ್ರದ ಹರಳು ನಾಲ್ಕು ಮೀಟರ್ ನೀರನ್ನು ದಾಟಲು ಅರ್ಧ ನಿಮಿಷ ಸಾಕು. ಅದರ ಹತ್ತನೇ ಒಂದು ಗಾತ್ರದ ಕಣಕ್ಕೆ ಎಂಟು ಹತ್ತು ನಿಮಿಷ. ನೂರನೇ ಒಂದು ಗಾತ್ರದ ಕಣಕ್ಕೆ ಹನ್ನೆರಡು ಗಂಟೆಯ ಮೇಲೆ. ನುಣ್ಣನೆಯ ಕಣ ಹತ್ತು ಪಟ್ಟು ಸಣ್ಣದಾದರೆ ಸುಮಾರು ನೂರು ಪಟ್ಟು ನಿಧಾನವಾಗಿ ಇಳಿಯುತ್ತದೆ ಎಂಬ ಸ್ಟೋಕ್ಸ್ ನಿಯಮದ ಫಲ ಇದು; ದಪ್ಪ ಹರಳಿಗೆ ಈ ನಿಯಮ ಪೂರ್ತಿ ಅನ್ವಯಿಸದು. ಡ್ರಿಲ್ಲರ್ ಊಟಕ್ಕೆ ಹೋದಾಗ ಮರಳು ಕೂತಿತ್ತು. ಅವನು ಮಲಗಿದ್ದಾಗ ಹಿಟ್ಟಿನಂಥ ಧೂಳು ಇಳಿಯುತ್ತಲೇ ಇತ್ತು. ಬಾಯಿಯಿಂದ ಕುಸಿದ ಪುಡಿ, ಗೋಡೆಯಿಂದ ಕಳಚಿದ ಚೂರುಗಳೂ ಸೇರಿ ತಳ ರಾತ್ರಿಯಿಡೀ ಮೇಲಕ್ಕೆ ಬೆಳೆಯಿತು.

ಹಾಗಾದರೆ ಕುಳಿಯ ಆಳ 10.5 ಮೀಟರೋ 9.3 ಮೀಟರೋ? ಯಾರು ಕೇಳುತ್ತಿದ್ದಾರೆ ಎಂಬುದರ ಮೇಲಿದೆ. ಡ್ರಿಲ್ಲರ್‌ಗೆ ತನ್ನ ಬಿಟ್ ತಾಗಿದ ಕಲ್ಲೇ ತಳ, ಅವನಿಗೆ 10.5ರ ಹಣ ಸಲ್ಲಬೇಕು. ಸಿಡಿಸುವವನಿಗೆ ಮದ್ದು ಎಲ್ಲಿ ಕೂರುತ್ತದೋ ಅದು ತಳ. ಈ ಎರಡನೆಯ ಪ್ರಶ್ನೆಗೆ ಉತ್ತರ ಸಾಂದ್ರತೆಯದು. ಎಮಲ್ಷನ್ 1.15 ಇರುವುದರಿಂದ ನೀರಿನಲ್ಲಿ ಮುಳುಗುತ್ತದೆ. 1.33ರ ಕೆಸರಿನ ಮೇಲೆ ಮಾತ್ರ ತೇಲುತ್ತದೆ! ಕಬ್ಬಿಣದ ಗುಂಡಿನ ಸಾಂದ್ರತೆ 7.8, ಮದ್ದಿಗೆ ಪ್ರವೇಶವಿಲ್ಲದ ಕೆಸರಿನೊಳಕ್ಕೂ ಅದು ಸಲೀಸಾಗಿ ಇಳಿಯುತ್ತದೆ. ಸಪೂರ ಗುಂಡು ಇನ್ನೂ ಆಳ ತೋರಿಸುತ್ತದೆ, ಅಗಲ ತಳದ ಗುಂಡು ಕೆಸರಿನ ಮೇಲೇ ನಿಲ್ಲುತ್ತದೆ. ಆದ್ದರಿಂದ ಒದ್ದೆ ಕುಳಿಗೆ ಅಗಲ ಗುಂಡೇ ಮೇಲೆಂದು ನನ್ನ ಅನಿಸಿಕೆ. ಎರಡನ್ನೂ ಇಳಿಬಿಟ್ಟರೆ ಅಂಕಿಗಳ ವ್ಯತ್ಯಾಸವೇ ಕೆಸರಿನ ದಪ್ಪದ ಅಂದಾಜು ಕೊಡುತ್ತದೆ.

ಬಂದರುಗಳಿಗೂ ಇದೇ ತಲೆನೋವು. ಹೂಳಿನ ಮೇಲ್ಪದರ ಗಂಜಿಯಂತೆ ತೆಳುವಾಗಿದ್ದರೆ ಹಡಗು ಅದರಲ್ಲೇ ಸಾಗಬಲ್ಲದು. ರಾಟರ್‌ಡ್ಯಾಂ ಬಂದರಿನಲ್ಲಿ ಕೆಸರಿನ ಸಾಂದ್ರತೆ ಘನ ಮೀಟರಿಗೆ 1,200 ಕೆಜಿ ಮುಟ್ಟುವ ಮಟ್ಟವನ್ನೇ ಹಡಗಿನ ಪಾಲಿನ ತಳ ಎಂದು ಗೊತ್ತುಮಾಡಿಕೊಂಡರು. ಅಲ್ಲಿಯ ಧ್ವನಿಮಾಪಕವನ್ನು ನೀರಿನೊಳಗೇ ಇಟ್ಟಿರುವುದರಿಂದ ಗಾಳಿಯ ಸುಂಕವಿಲ್ಲ. ಅದು ಹೆಚ್ಚು ಆವರ್ತನದಲ್ಲಿ ಕೆಸರಿನ ಮೇಲ್ಮೈಯನ್ನೂ ಕಡಿಮೆ ಆವರ್ತನದಲ್ಲಿ ಅದರ ಕೆಳಗಿನ ಗಟ್ಟಿ ಪದರವನ್ನೂ ಕಾಣುತ್ತದೆ. ಅಗಲ ಗುಂಡು, ಸಪೂರ ಗುಂಡು ಮಾಡುವ ಕೆಲಸವೇ.

ನೀರನ್ನು ಅಳೆಯದೆ ಬಿಡುವಂತಿಲ್ಲದಿರುವುದಕ್ಕೆ ಇನ್ನೊಂದು ಕಾರಣ ಮದ್ದಿನ ಜಾತಿ. ಅಗ್ಗದ ಮದ್ದೆಂದರೆ ಆನ್‌ಫೋ: ನೂರರಲ್ಲಿ 94 ಪಾಲು ಅಮೋನಿಯಂ ನೈಟ್ರೇಟ್ ಕಾಳು, 6 ಪಾಲು ಡೀಸೆಲ್. ನೀರು ತಾಗಿದರೆ ಕಾಳು ಸಕ್ಕರೆಯಂತೆ ಕರಗಿಹೋಗುತ್ತದೆ. ಅರೆಬರೆ ಸಿಡಿದರೆ ಕಿತ್ತಳೆ ಬಣ್ಣದ ವಿಷದ ಹೊಗೆ ಏಳುತ್ತದೆ. 1956ರಲ್ಲಿ ಅಮೆರಿಕದ ಮೆಲ್ವಿನ್ ಕುಕ್ ವೈರಿಯನ್ನೇ ಮನೆಗೆ ಸೇರಿಸಿಕೊಂಡರು: ಅಮೋನಿಯಂ ನೈಟ್ರೇಟ್, ಅಲ್ಯೂಮಿನಿಯಂ ಪುಡಿಯ ಜೊತೆಗೆ ನೀರನ್ನೇ ಬೆರೆಸಿ ಸ್ಲರಿ ಮದ್ದು ಮಾಡಿದರು. ಎಮಲ್ಷನ್ ಅದರ ನಂತರದ ಪೀಳಿಗೆ. ಇದನ್ನು ಮೇಲಿಂದ ಸುರಿಯುವುದಿಲ್ಲ. ಹೋಸ್ ಪೈಪನ್ನು ತಳದವರೆಗೆ ಇಳಿಸಿ, ಮದ್ದು ಏರಿದಂತೆ ಪೈಪನ್ನು ನಿಧಾನವಾಗಿ ಎತ್ತುತ್ತಾರೆ. ಕುಳಿಯ ನೀರು ಮೇಲಕ್ಕೆ ದಬ್ಬಲ್ಪಟ್ಟು ಹೊರಚೆಲ್ಲುತ್ತದೆ. ಪೈಪು ತಳದಿಂದ ಒಂದು ಮೀಟರ್ ಮೇಲೆ ನಿಂತಿದ್ದರೆ ಅಥವಾ ಅವಸರದಲ್ಲಿ ಎತ್ತಿದರೆ ಮದ್ದಿನ ಕಂಬದ ನಡುವೆ ನೀರಿನ ತುಂಡು ಸೇರಿಕೊಳ್ಳುತ್ತದೆ. ಸ್ಫೋಟ ಅಲ್ಲಿಗೆ ನಿಂತು, ಉಳಿದ ಮದ್ದು ಕಲ್ಲಿನ ರಾಶಿಯೊಳಗೆ ಸಿಡಿಯದೆ ಕೂತಿದ್ದರೆ ಮುಂದಿನ ಅನಾಹುತ ಅಗೆಯುವವನ ಪಾಲಿಗೆ.

ಎರಡು ತಳಗಳ ಈ ತಗಾದೆ ನಮ್ಮ ರೈತರಿಗೆ ಹೊಸದಲ್ಲ. ಕೊಳವೆಬಾವಿ ಕೊರೆದಾಗ ರಾಡು ಎಣಿಸಿ, ಅಡಿ ಲೆಕ್ಕದಲ್ಲಿ ಹಣ ಕೊಡುತ್ತೇವೆ. ಕೆಲವು ವರ್ಷದ ಮೇಲೆ ಮೋಟಾರು ಇಳಿಸಲು ಹೋದರೆ ಅಷ್ಟು ಆಳವೇ ಇರುವುದಿಲ್ಲ. ರಿಗ್ಗಿನವನು ಮೋಸ ಮಾಡಿದ ಎಂದು ಬೈಯುವ ಮುನ್ನ ಹೂಳಿನ ಕಡೆಗೂ ಒಮ್ಮೆ ನೋಡಬಹುದು. ಮೋಸ ಮಾಡುವವರಿಲ್ಲ ಎಂದು ನಾನು ಹೇಳುತ್ತಿಲ್ಲ.

ಹದಿನೇಳನೆಯ ಕುಳಿಗೆ ಕಂಪ್ರೆಸರಿನ ಪೈಪು ಇಳಿಸಿ ಗಾಳಿ ಬಿಟ್ಟರು. ಬೂದು ನೀರು ಆಳೆತ್ತರ ಚಿಮ್ಮಿ ನಮ್ಮೆಲ್ಲರ ಅಂಗಿಗೂ ಬಿತ್ತು. ಒಡನೆ ಅಳೆದರೆ 10.2. ಮದ್ದಿನ ಲಾರಿ ಬರುವುದು ತಡವಾಯಿತು. ಅದು ಬಂದಾಗ ಮೇಟ್ ಹಿಂದಿನ ಅಂಕಿಯನ್ನು ನಂಬದೆ ಮತ್ತೊಮ್ಮೆ ಗುಂಡು ಇಳಿಬಿಟ್ಟರು: 9.9. ಅಂಕಿಯ ಪಕ್ಕದಲ್ಲಿ ಗಂಟೆಯನ್ನೂ ಬರೆದುಕೊಂಡರು. ಲಾರಿಯವನಿಗೆ ಕೂಗಿ ಹೇಳಿದ್ದು 90 ಅಲ್ಲ, 82 ಕೆಜಿ. ಹೋಸ್ ಪೈಪು ಒಳಗೆ ಇಳಿಯುವಷ್ಟರಲ್ಲಿ ಅವರು ಹದಿನೆಂಟನೆಯ ಕುಳಿಯ ಬಾಯಿಯ ಪುಡಿಯನ್ನು ಬೂಟಿನಿಂದ ಸರಿಸುತ್ತಿದ್ದರು.