ಮಗಳಿಗೆ ಕರಾಟೆ ಕಲಿಸಲೇ, ಪೆಪ್ಪರ್ ಸ್ಪ್ರೇ ಕೊಡಿಸಲೇ?

ಪ್ರಶ್ನೆ: ನನ್ನ ಮಗಳಿಗೆ ಇಪ್ಪತ್ತೆರಡು ವರ್ಷ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರುತ್ತಾಳೆ, ಪಿಜಿಯಲ್ಲಿ ಇರುತ್ತಾಳೆ. ದಿನ ಬೆಳಗಾದರೆ ಪತ್ರಿಕೆಯಲ್ಲಿ ಬರುವ ಸುದ್ದಿ ಓದಿ ನನಗೆ ನಿದ್ದೆ ಹತ್ತುತ್ತಿಲ್ಲ. ಇಷ್ಟು ಕಡಿಮೆ ಸಮಯದಲ್ಲಿ ಅವಳಿಗೆ ಆತ್ಮರಕ್ಷಣೆಗೆಂದು ಏನು ಕಲಿಸಬಹುದು? ಕರಾಟೆಗೆ ಸೇರಿಸಲೇ? ಪೆಪ್ಪರ್ ಸ್ಪ್ರೇ ಕೊಡಿಸಿದರೆ ಸಾಕೇ? ಅವಳು ಯಾರಿಗಾದರೂ ಹೊಡೆದು ಕೇಸು ಅವಳ ಮೇಲೆಯೇ ಬಿದ್ದರೆ ಎಂಬ ಹೆದರಿಕೆಯೂ ಇದೆ.

ಉತ್ತರ: ಹಲವು ವರ್ಷಗಳಿಂದ ಶಾಲೆ, ಕಾಲೇಜು, ಹಾಸ್ಟೆಲ್‌ಗಳಲ್ಲಿ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಕಲಿಸುತ್ತಿದ್ದೇನೆ. ತಾಯಂದಿರು ತರಗತಿಯ ಬಾಗಿಲಲ್ಲಿ ನಿಂತು, ಮಗಳಿಗೆ ಕೇಳಿಸದಂತೆ ದನಿ ತಗ್ಗಿಸಿ ನನ್ನನ್ನು ಕೇಳುವ ಪ್ರಶ್ನೆ ಇದೇ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಒಂದು ತಿಂಗಳಲ್ಲಿ ಆಗುವ ಕೆಲಸ ಸಾಕಷ್ಟಿದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಮೊದಲ ದಿನ ನಾನು ಹೊಡೆತ ಕಲಿಸುವುದಿಲ್ಲ. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸುತ್ತೇನೆ. ಒಬ್ಬಳು ನಡೆದು ಬರಬೇಕು. ಇನ್ನೊಬ್ಬಳು ಎರಡೂ ಅಂಗೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ, ಕಣ್ಣಲ್ಲಿ ಕಣ್ಣಿಟ್ಟು ‘ನಿಲ್ಲು, ಹತ್ತಿರ ಬರಬೇಡ’ ಎನ್ನಬೇಕು. ನಡೆದು ಬರುವವಳು ಜೊತೆಗಾತಿಯೇ, ಜಾಗ ಶಾಲೆಯ ಅಂಗಳವೇ, ಹೊತ್ತು ಹಗಲು ಹನ್ನೊಂದು ಗಂಟೆ. ಆದರೂ ಹೆಚ್ಚಿನವರಿಗೆ ದನಿ ಹೊರಡುವುದಿಲ್ಲ. ನಗು ಬರುತ್ತದೆ, ಕೈ ಬಾಯಿಗೆ ಹೋಗುತ್ತದೆ, ಭುಜ ಕುಗ್ಗುತ್ತದೆ, ‘ಸಾರಿ ಮೇಡಂ’ ಎಂದು ನನ್ನತ್ತ ತಿರುಗುತ್ತಾರೆ. ಹೆಣ್ಣುಮಗು ಮೆಲ್ಲಗೆ ಮಾತಾಡಬೇಕು, ಯಾರಿಗೂ ಬೇಸರ ಮಾಡಬಾರದು ಎಂದು ಹುಟ್ಟಿದಾಗಿನಿಂದ ನಾವೇ ಕಲಿಸಿದ್ದು ಆ ಗಂಟಲಲ್ಲಿ ಸಿಕ್ಕಿಕೊಂಡಿರುತ್ತದೆ. ಮೂರನೆಯ ವಾರದ ಹೊತ್ತಿಗೆ ಅದೇ ಹುಡುಗಿಯ ದನಿ ಹೊಟ್ಟೆಯಿಂದ ಎದ್ದು ಬರುವುದನ್ನು ಕೇಳಬೇಕು ನೀವು. ಆ ದನಿ ಬರದವರಿಗೆ ಯಾವ ಪಟ್ಟು ಹೇಳಿಕೊಟ್ಟರೂ ಬೇಕಾದ ಗಳಿಗೆಯಲ್ಲಿ ಕೈ ಏಳುವುದಿಲ್ಲ.

ಇದು ನನ್ನ ಅನುಭವದ ಮಾತಷ್ಟೇ ಆಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಕೆನಡಾದ ಮೂರು ವಿಶ್ವವಿದ್ಯಾಲಯಗಳ 893 ವಿದ್ಯಾರ್ಥಿನಿಯರ ನಡುವೆ ಮನಶ್ಶಾಸ್ತ್ರಜ್ಞೆ ಚಾರ್ಲೀನ್ ಸೆನ್ ಅವರ ತಂಡ ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಮೂರು ಮೂರು ಗಂಟೆಯ ನಾಲ್ಕು ತರಗತಿ, ಒಟ್ಟು 12 ಗಂಟೆ. ಇನ್ನೊಂದು ಗುಂಪಿಗೆ ಮಾಹಿತಿಯ ಕರಪತ್ರ. ವರ್ಷ ಕಳೆದ ಮೇಲೆ, ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ ಕರಪತ್ರದ ಗುಂಪಿನಲ್ಲಿ ಶೇ 9.8 ಇದ್ದರೆ, ತರಗತಿಗೆ ಹೋದವರಲ್ಲಿ ಶೇ 5.2. ಆ ಹನ್ನೆರಡು ಗಂಟೆಗಳಲ್ಲಿ ಹೊಡೆತ, ಒದೆತಕ್ಕೆ ಸಿಕ್ಕಿದ್ದು ಸಣ್ಣ ಪಾಲು. ಅಪಾಯವನ್ನು ಬೇಗ ಗುರುತಿಸುವುದು, ಗುರುತಿಸಿದ ಮೇಲೂ ‘ಛೇ, ಅವನು ಹಾಗಲ್ಲ, ನಾನೇ ತಪ್ಪು ತಿಳಿದೆ’ ಎಂದು ಎಳೆದಾಡುವ ಮನಸ್ಸನ್ನು ದಾಟುವುದು, ಇವಕ್ಕೇ ಹೆಚ್ಚು ಹೊತ್ತು ಕೊಟ್ಟಿದ್ದರು.

ಯಾಕೆಂದರೆ ಅಪಾಯ ಬಹುಪಾಲು ಪರಿಚಿತರಿಂದಲೇ ಬರುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷವರ್ಷವೂ ಕೊಡುವ ಅಂಕಿಅಂಶಗಳಲ್ಲಿ, ದಾಖಲಾದ ಅತ್ಯಾಚಾರ ಪ್ರಕರಣಗಳ ಪೈಕಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಹೆಣ್ಣಿಗೆ ಗೊತ್ತಿದ್ದವನೇ. ನಾವೋ ಮಗಳಿಗೆ ಕತ್ತಲೆ ಗಲ್ಲಿಯ ಅಪರಿಚಿತನ ಬಗ್ಗೆ ಹೇಳುತ್ತೇವೆ. ಬೇಡವೆಂದ ಮೇಲೂ ‘ಮನೆಯವರೆಗೆ ಬಿಟ್ಟೇ ಹೋಗುತ್ತೇನೆ’ ಎನ್ನುವ ಸಹೋದ್ಯೋಗಿ, ಎಲ್ಲರೂ ಹೋದ ಮೇಲೆ ಕೆಲಸ ತೋರಿಸುತ್ತೇನೆ ಎಂದು ಕೂರಿಸಿಕೊಳ್ಳುವ ಮೇಲಧಿಕಾರಿ, ಕೇಳದ ಉಪಕಾರ ಮಾಡಿ ಋಣದ ಲೆಕ್ಕ ಹೇಳುವ ಗೆಳೆಯ, ಇವರ ಬಗ್ಗೆ ಹೇಳುವುದಿಲ್ಲ. ಸಣ್ಣ ‘ಬೇಡ’ವನ್ನು ಕೇಳಿಸಿಕೊಳ್ಳದವನು ದೊಡ್ಡ ‘ಬೇಡ’ವನ್ನೂ ಕೇಳಿಸಿಕೊಳ್ಳಲಾರ ಎಂದು ಅವಳಿಗೆ ಬಿಡಿಸಿ ಹೇಳಿ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ದೂರು ಕೊಡಲು ಮೂರು ತಿಂಗಳ ಅವಧಿಯಿದೆ. ಕೆಲಸಕ್ಕೆ ಸೇರಿದ ವಾರದಲ್ಲೇ ಆ ಸಮಿತಿಯಲ್ಲಿ ಯಾರಿದ್ದಾರೆಂದು ಅವಳು ತಿಳಿದುಕೊಂಡಿರಲಿ.

ಇನ್ನು ಕೈಯ ಮಾತು. ಮಣಿಕಟ್ಟು ಹಿಡಿದವನಿಂದ ಬಿಡಿಸಿಕೊಳ್ಳುವುದನ್ನು ನೀವಿಬ್ಬರೂ ಮನೆಯಲ್ಲೇ ಅಭ್ಯಾಸ ಮಾಡಬಹುದು. ಮಗಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ನಿಮ್ಮ ಕೈಯನ್ನೇ ನೋಡಿ. ನಾಲ್ಕು ಬೆರಳು ಒಂದು ಕಡೆಯಿಂದ ಸುತ್ತಿವೆ, ಹೆಬ್ಬೆರಳು ಒಂಟಿಯಾಗಿ ಇನ್ನೊಂದು ಕಡೆಯಿಂದ ಬಂದಿದೆ. ಅವೆರಡರ ತುದಿ ಸೇರುವ ಸಂದಿಯೇ ಆ ಹಿಡಿತದ ದುರ್ಬಲ ಜಾಗ. ನೇರ ಹಿಂದಕ್ಕೆ ಜಗ್ಗಿದರೆ ನಾಲ್ಕು ಬೆರಳಿನ ಬಲದೊಂದಿಗೆ ಸೆಣಸಬೇಕು, ಅದು ಆಗದು. ಮಣಿಕಟ್ಟಿನ ತೆಳುವಾದ ಅಂಚು ಆ ಸಂದಿಗೆ ಬರುವಂತೆ ಕೈ ತಿರುಗಿಸಬೇಕು. ನಂತರ ಮೊಣಕೈಯನ್ನು ಹಿಡಿದವನ ಕಡೆಗೆ ಮುಂದೆ ತಳ್ಳುತ್ತಾ, ಅಂಗೈಯನ್ನು ತನ್ನದೇ ಭುಜದತ್ತ ಒಮ್ಮೆಲೇ ಸೆಳೆದುಕೊಳ್ಳಬೇಕು. ಸೆಳೆಯುವಾಗ ಕೂಗಬೇಕು, ಬಿಡಿಸಿಕೊಂಡ ಕೂಡಲೇ ಓಡಬೇಕು. ದಿನಕ್ಕೆ ಎರಡೂ ಕೈಗೆ ಇಪ್ಪತ್ತು ಸಲ ಮಾಡಿಸಿ. ನೀವು ಸುಮ್ಮನೆ ಬಿಟ್ಟುಕೊಡಬೇಡಿ, ನಿಜಕ್ಕೂ ಬಿಗಿಯಾಗಿ ಹಿಡಿಯಿರಿ.

ತರಗತಿ ಆರಿಸುವಾಗಲೂ ಇದೇ ಅಳತೆಗೋಲು. ಗರಡಿಯ ವಸ್ತಾದರು ಎದುರಾಳಿ ಜಗ್ಗಾಡುವಾಗಲೂ ಹಾಕಲು ಬಂದರೆ ಮಾತ್ರ ಪಟ್ಟು ಬಂತೆಂದು ಒಪ್ಪುತ್ತಾರೆ. ಕರಾಟೆಯಾಗಲಿ ಜೂಡೊ ಆಗಲಿ, ಜೊತೆಗಾರ ನಿಜವಾಗಿ ವಿರೋಧಿಸುವ ಅಭ್ಯಾಸ ಇದೆಯೇ ಎಂದು ಒಂದು ದಿನ ಕೂತು ನೋಡಿ. ಗಾಳಿಗೆ ಗುದ್ದುವ ಸಾಲು ಕವಾಯತು ಮೈಗೆ ಒಳ್ಳೆಯದು, ಆತ್ಮರಕ್ಷಣೆಗೆ ಸಾಲದು. ಹೆದರಿದಾಗ ಎದೆ ಹೊಡೆದುಕೊಳ್ಳುತ್ತದೆ, ಬೆರಳು ನಡುಗುತ್ತವೆ. ನಾಜೂಕಿನ ಪಟ್ಟುಗಳು ಆಗ ಕೈಗೆ ಹತ್ತುವುದಿಲ್ಲ. ಅಂಗೈಯ ಬುಡದಿಂದ ಮೂಗಿಗೆ, ಮೊಣಕೈಯಿಂದ ಮುಖಕ್ಕೆ, ಮಂಡಿಯಿಂದ ತೊಡೆಸಂದಿಗೆ, ಇಷ್ಟು ಸಾಕು. ಅಭ್ಯಾಸವಿಲ್ಲದವರು ಮುಷ್ಟಿಯಿಂದ ಮುಖಕ್ಕೆ ಗುದ್ದಿದರೆ ತಮ್ಮ ಕೈಮೂಳೆಯನ್ನೇ ಮುರಿದುಕೊಳ್ಳುತ್ತಾರೆ.

ಕೇಸಿನ ಹೆದರಿಕೆಗೆ ಬರುತ್ತೇನೆ. ಈ ಭಯವೇ ಎಷ್ಟೋ ಕೈಗಳನ್ನು ಕಟ್ಟಿಹಾಕಿದೆ, ಹಾಗಾಗಿ ಇದನ್ನು ಸರಿಯಾಗಿ ತಿಳಿಯಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕಿಗೇ ಮೀಸಲು. ತನ್ನ ಮೈಯನ್ನಷ್ಟೇ ಅಲ್ಲ, ಇನ್ನೊಬ್ಬರ ಮೈಯನ್ನು ಕಾಪಾಡಲೂ ಈ ಹಕ್ಕಿದೆ. ಮೊದಲ ಪೆಟ್ಟು ಬೀಳುವವರೆಗೆ ಕಾಯಬೇಕಿಲ್ಲ. ಬೆದರಿಕೆಯಿಂದಲೋ ಪ್ರಯತ್ನದಿಂದಲೋ ಅಪಾಯವಿದೆಯೆಂದು ನ್ಯಾಯವಾಗಿ ಅನ್ನಿಸಿದ ಗಳಿಗೆಯಿಂದಲೇ ಹಕ್ಕು ಶುರುವಾಗುತ್ತದೆ, ಆ ಅಪಾಯ ಇರುವವರೆಗೆ ಇರುತ್ತದೆ. ಕೊಲ್ಲುವ ಅಥವಾ ತೀವ್ರವಾಗಿ ಗಾಯಗೊಳಿಸುವ ದಾಳಿ, ಅತ್ಯಾಚಾರದ ಉದ್ದೇಶದ ದಾಳಿ, ಅಪಹರಣದ ಉದ್ದೇಶದ ದಾಳಿ, ಆ್ಯಸಿಡ್ ಎರಚುವುದು ಅಥವಾ ಎರಚಲು ಬರುವುದು, ಇಂಥ ಸಂದರ್ಭಗಳಲ್ಲಿ ದಾಳಿಕೋರನ ಪ್ರಾಣ ಹೋದರೂ ಅದು ಅಪರಾಧವಾಗುವುದಿಲ್ಲ ಎಂದು 38ನೇ ಸೆಕ್ಷನ್ ಹೇಳುತ್ತದೆ.

ಮಿತಿ ಎರಡು. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕು ಇಲ್ಲ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಕೈ ಹಿಡಿದೆಳೆದವನಿಗೆ ಮಂಡಿಯಿಂದ ಹೊಡೆದು ಬೀಳಿಸಿದರೆ ಅದು ರಕ್ಷಣೆ. ಬಿದ್ದು ನರಳುವವನ ಬಳಿಗೆ ಕಲ್ಲು ಹಿಡಿದು ವಾಪಸ್ ಬಂದರೆ ಅಲ್ಲಿಗೆ ಹಕ್ಕು ಮುಗಿಯಿತು. ನಡುವಿನ ಗೊಂದಲದ ಬಗ್ಗೆ ಸುಪ್ರೀಂ ಕೋರ್ಟ್ 2010ರಲ್ಲಿ ದರ್ಶನ್ ಸಿಂಗ್ ಪ್ರಕರಣದಲ್ಲಿ ವಿವರವಾಗಿ ಹೇಳಿದೆ: ದಾಳಿಗೆ ಸಿಕ್ಕವರು ಲೆಕ್ಕ ಹಾಕಿದಂತೆ ಹೆಜ್ಜೆ ಹೆಜ್ಜೆಗೂ ಬಲ ಅಳೆದು ತೂಗಿ ಬಳಸಬೇಕೆಂದು ನಿರೀಕ್ಷಿಸಲಾಗದು. ಹೀಗಿದ್ದೂ ಎದುರು ಪಕ್ಷ ದೂರು ಕೊಡಬಹುದು. ಅದಕ್ಕೇ ನನ್ನ ಹುಡುಗಿಯರಿಗೆ ಹೇಳುತ್ತೇನೆ, ಸುರಕ್ಷಿತ ಜಾಗ ತಲುಪಿದ ತಕ್ಷಣ ಮೊದಲ ಕರೆ ನಿಮ್ಮದಾಗಿರಲಿ, ಮೊದಲ ದೂರೂ ನಿಮ್ಮದಾಗಿರಲಿ.

ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಲಿ, ಅಡ್ಡಿಯಿಲ್ಲ. ಚೀಲದ ತಳದಲ್ಲಿ ಟಿಫಿನ್ ಡಬ್ಬಿಯ ಕೆಳಗೆ ಬಿದ್ದಿರುವ ಸ್ಪ್ರೇ ಇದ್ದೂ ಇಲ್ಲದಂತೆ. ಕೈಗೆ ಥಟ್ಟನೆ ಸಿಗುವ ಜೇಬಿನಲ್ಲಿರಲಿ, ಬಯಲಿನಲ್ಲಿ ಗಾಳಿ ಬೆನ್ನಿಗೆ ಇರುವಂತೆ ನಿಂತು ಒಮ್ಮೆ ಒತ್ತಿ ನೋಡಿರಲಿ, ಅವಧಿ ಮುಗಿಯುವ ದಿನಾಂಕ ಗೊತ್ತಿರಲಿ. ಮುಚ್ಚಿದ ಕಾರಿನೊಳಗೆ ಒತ್ತಿದರೆ ಅವಳ ಕಣ್ಣೂ ಉರಿಯುತ್ತದೆ. ಜಗಳಕ್ಕೆ ಮಾತ್ರ ಅದನ್ನು ತೆಗೆಯಕೂಡದು. ಪ್ರಾಣಭಯವಿಲ್ಲದ ವಾಗ್ವಾದದಲ್ಲಿ ಸ್ಪ್ರೇ ಬಳಸಿದ ಆರೋಪದ ಪ್ರಕರಣವೊಂದನ್ನು ರದ್ದುಪಡಿಸಲು ಕರ್ನಾಟಕ ಹೈಕೋರ್ಟ್ 2024ರಲ್ಲಿ ನಿರಾಕರಿಸಿತು. ಅದನ್ನು ಅಪಾಯಕಾರಿ ಆಯುಧವೆಂದೇ ಪರಿಗಣಿಸಿತು. ಚಾಕು ಬೇಡವೇ ಬೇಡ. ಕಿತ್ತುಕೊಂಡವನ ಕೈಗೆ ನಾವೇ ಆಯುಧ ಕೊಟ್ಟಂತಾಗುತ್ತದೆ.

ನಿಜವಾದ ಆಯುಧ ಮೊಬೈಲು. ತುರ್ತು ಸಂಖ್ಯೆ 112 ಎಂದು ಎಲ್ಲರಿಗೂ ಗೊತ್ತು, ಒತ್ತಿ ನೋಡಿದವರು ಕಡಿಮೆ. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ, ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಮೂರು ಬಾರಿ ಒತ್ತಿದರೆ ತುರ್ತು ಕರೆ ಹೋಗಬೇಕೆಂಬ ನಿಯಮ 2017ರಿಂದ ಇದೆ. ಫೋನಿಂದ ಫೋನಿಗೆ ವ್ಯತ್ಯಾಸ ಇರುತ್ತದೆ, ಆದ್ದರಿಂದ ಇಂದೇ ಅವಳ ಮೊಬೈಲಿನ ಸೆಟ್ಟಿಂಗ್ಸ್ ತೆರೆದು, ನಿಮ್ಮ ಸಂಖ್ಯೆಯನ್ನೂ ಬೆಂಗಳೂರಿನಲ್ಲೇ ಇರುವ ನಂಬಿಕೆಯ ಒಬ್ಬರ ಸಂಖ್ಯೆಯನ್ನೂ ತುರ್ತು ಸಂಪರ್ಕಕ್ಕೆ ಸೇರಿಸಿ. ಇವೆರಡು ಅವಳಿಗೆ ಬಾಯಿಪಾಠವೂ ಆಗಿರಲಿ; ಮೊಬೈಲು ಕಿತ್ತುಕೊಂಡರೆ ನೆನಪಿನಲ್ಲಿದ್ದದ್ದೇ ಉಳಿಯುವುದು. ಕಚೇರಿಯ ರಾತ್ರಿ ಕ್ಯಾಬ್‌ಗೆ ಎಂದಿನ ಚಾಲಕ ಬಾರದೆ ಬೇರೆಯವನು ಬಂದರೆ, ಕಚೇರಿಯ ಸಾರಿಗೆ ವಿಭಾಗಕ್ಕೆ ಕರೆ ಮಾಡಿ ಖಚಿತಪಡಿಸಿಕೊಂಡೇ ಹತ್ತಲಿ. 2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಉದ್ಯೋಗಿಯೊಬ್ಬರನ್ನು ಕೊಂದವನು ಹಾಗೆ ಬದಲಿ ಚಾಲಕನೆಂದು ಹೇಳಿಕೊಂಡು ಬಂದವನೇ. ಆ ತಪ್ಪು ಪೂರ್ತಿ ಅವನದು. ಒಂದು ಕರೆಯ ಅಭ್ಯಾಸ ನಮ್ಮ ಮಕ್ಕಳಿಗಿರಲಿ ಎಂಬುದಷ್ಟೇ ನನ್ನ ಮಾತು.

ಗಾಯವಾಗಿ ರಕ್ತ ಸುರಿದರೆ ವೇಲನ್ನು ಮಡಚಿ ಗಾಯದ ಮೇಲೆ ಒತ್ತಿ ಹಿಡಿಯಬೇಕು, ನಿಂತಿತೇ ಎಂದು ಮತ್ತೆ ಮತ್ತೆ ತೆಗೆದು ನೋಡಬಾರದು. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಕಳುಹಿಸುವಂತಿಲ್ಲ. ಅತ್ಯಾಚಾರ ಅಥವಾ ಆ್ಯಸಿಡ್ ದಾಳಿಗೆ ಒಳಗಾದವರಿಗೆ ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿಯಾಗಲಿ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು.

ಇನ್ನೊಂದು ಮಾತು, ಇದು ನಿಮಗೇ. ಎಷ್ಟೇ ಕಲಿತಿದ್ದರೂ ಆ ಗಳಿಗೆಯಲ್ಲಿ ಕೈಕಾಲು ಕಲ್ಲಾಗಬಹುದು, ಬಾಯಿ ಕಟ್ಟಬಹುದು. ಅದು ದೇಹ ತಾನಾಗಿ ಮಾಡುವ ಕೆಲಸ, ಹೇಡಿತನ ಅಲ್ಲ, ಒಪ್ಪಿಗೆ ಅಂತೂ ಅಲ್ಲವೇ ಅಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಲಸದ ಜಾಗದಲ್ಲಿ ಎಂಟು ತಿಂಗಳು ಕಿರುಕುಳ ಸಹಿಸಿದಳು. ಮೊದಲ ವಾರವೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ‘ಮನೆಯಲ್ಲಿ ಗೊತ್ತಾದರೆ ಕೆಲಸ ಬಿಟ್ಟು ಊರಿಗೆ ಬಾ ಎನ್ನುತ್ತಾರೆ, ಅದಕ್ಕೆ’ ಎಂದಳು. ಮಣಿಕಟ್ಟು ಬಿಡಿಸಿಕೊಳ್ಳುವುದರಲ್ಲಿ ಆ ತಂಡದಲ್ಲಿ ಅವಳೇ ಎಲ್ಲರಿಗಿಂತ ಚುರುಕಾಗಿದ್ದಳು.

ಆದ್ದರಿಂದ ಮಗಳಿಗೆ ಹೀಗೆ ಹೇಳಿ: ಯಾವ ಹೊತ್ತಿನಲ್ಲಾದರೂ ಕರೆ ಮಾಡು, ಅಷ್ಟು ಹೊತ್ತಿನಲ್ಲಿ ಅಲ್ಲಿಗೇಕೆ ಹೋಗಿದ್ದೆ ಎಂದು ನಾನು ಕೇಳುವುದಿಲ್ಲ, ಈಗ ಎಲ್ಲಿದ್ದೀಯ ಎಂದಷ್ಟೇ ಕೇಳುತ್ತೇನೆ; ಕೆಲಸ ಬಿಡು ಎನ್ನುವುದಿಲ್ಲ. ಬಸ್ಸು ಹತ್ತಿಸುವ ಗಡಿಬಿಡಿಯಲ್ಲಿ ಬೇಡ, ಇಂದೇ, ಮನೆಯಲ್ಲಿ ಇಬ್ಬರೇ ಇರುವಾಗ ಹೇಳಿ. ಹೇಳಿದ ಮೇಲೆ ಅವಳನ್ನು ಎದುರಿಗೆ ನಿಲ್ಲಿಸಿ, ಅಂಗೈ ಎತ್ತಲು ಹೇಳಿ, ನೀವೇ ಅವಳತ್ತ ನಡೆದು ಬನ್ನಿ. ಮೊದಲ ಸಲ ಅವಳು ನಗುತ್ತಾಳೆ. ಹಿಂದಕ್ಕೆ ಹೋಗಿ ಇನ್ನೊಮ್ಮೆ ನಡೆದು ಬನ್ನಿ.