ನಾಲಿಗೆ ತೊಡರುವ ಹೆಸರಿನ ಬಾಟಲಿಗಳ ಪರವಾಗಿ

ವೈಟ್ ವೈನ್ ಕೊಳ್ಳಲು ಬಂದವರು ಕಪಾಟಿನ ಮುಂದೆ ನಿಂತು ಕೈ ಚಾಚುವ ರೀತಿಯನ್ನು ಗಮನಿಸುವುದು ನನಗೊಂದು ಚಟವಾಗಿಬಿಟ್ಟಿದೆ. ತೀರಾ ಅಗ್ಗದ್ದನ್ನು ಮುಟ್ಟಲು ಅಳುಕು, ದುಬಾರಿಯದಕ್ಕೆ ಮನಸ್ಸಿಲ್ಲ. ನಡುವಿನ ಸಾಲಿನಲ್ಲಿ ಕೇಳಿ ಗೊತ್ತಿರುವ ಹೆಸರನ್ನು ಹುಡುಕುತ್ತಾರೆ. ಶಾರ್ಡನೇ, ಸೋವಿನ್ಯೋನ್ ಬ್ಲಾಂಕ್, ಪಿನೊ ಗ್ರಿಜಿಯೊ ಇವುಗಳಲ್ಲಿ ಒಂದನ್ನು ಎತ್ತಿಕೊಂಡು ಹೊರಟುಬಿಡುತ್ತಾರೆ. ವೈನ್ ಆಯ್ದು ತರಿಸುವುದನ್ನೇ ಉದ್ಯೋಗ ಮಾಡಿಕೊಂಡ ನನಗೆ ಅವರನ್ನು ಅಲ್ಲೇ ತಡೆದು ಹೇಳಬೇಕೆನಿಸುತ್ತದೆ: ಒಂದು ಗೇಣು ಆಚೆ, ಓದಲು ನಾಲಿಗೆ ತೊಡರುವ ಹೆಸರಿನ ಬಾಟಲಿಯೊಂದಿದೆಯಲ್ಲ, ಅದನ್ನು ತೆಗೆದುಕೊಳ್ಳಿ. ಅದೇ ದುಡ್ಡಿಗೆ ಅದರೊಳಗೆ ಹೆಚ್ಚು ವೈನ್ ಇದೆ.

ಬಾಟಲಿಗಳೆಲ್ಲ ಮುಕ್ಕಾಲು ಲೀಟರಿನವೇ, ಹೆಚ್ಚು ಕಡಿಮೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಾವು ಕೊಡುವ ಹಣ ಎಲ್ಲಿ ಹಂಚಿಹೋಗುತ್ತದೆ ನೋಡಿ. ಗಾಜು, ಬಿರಡೆ, ಲೇಬಲ್, ರಟ್ಟಿನ ಪೆಟ್ಟಿಗೆ, ಸಾಗಣೆ ಇವುಗಳ ಖರ್ಚು ಅಗ್ಗದ ಬಾಟಲಿಗೂ ದುಬಾರಿ ಬಾಟಲಿಗೂ ಬಹುಮಟ್ಟಿಗೆ ಒಂದೇ. ಹೀಗಾಗಿ ಅತ್ಯಂತ ಅಗ್ಗದ ಬಾಟಲಿಯಲ್ಲಿ ದ್ರಾಕ್ಷಿಯ ಪಾಲಿಗೆ ಉಳಿಯುವುದು ಚಿಲ್ಲರೆ ಮಾತ್ರ. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಹತ್ತಿದರೆ ಹೆಚ್ಚುವರಿಯಾಗಿ ಕೊಟ್ಟದ್ದರಲ್ಲಿ ದೊಡ್ಡ ಪಾಲು ನೇರವಾಗಿ ವೈನಿಗೇ ಸಲ್ಲುತ್ತದೆ. ಆದ್ದರಿಂದ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಆದರೆ ಎರಡು, ಮೂರು ಮೆಟ್ಟಿಲು ದಾಟಿದ ಮೇಲೆ ಕತೆ ತಿರುಗುತ್ತದೆ. ಅಲ್ಲಿಂದ ಮುಂದೆ ನಾವು ಕೊಡುವುದು ಓಕ್ ಪೀಪಾಯಿಗೆ, ನೆಲಮಾಳಿಗೆಯಲ್ಲಿ ಕಾದು ಕೂತ ವರ್ಷಗಳಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಹೆಸರಿಗೆ.

ಬಿಳಿ ವೈನಿನ ಹೆಚ್ಚುಗಾರಿಕೆ ಇರುವುದು ಇಲ್ಲೇ. ಈ ಮೂರೂ ಇಲ್ಲದೆ ಅದು ಚೆನ್ನಾಗಿರಬಲ್ಲದು. ಕೆಂಪು ವೈನನ್ನು ಸಿಪ್ಪೆಯ ಜೊತೆಗೇ ಹುದುಗಿಸುವುದರಿಂದ ಬಣ್ಣದ ಜೊತೆ ಒಗರೂ ಇಳಿಯುತ್ತದೆ. ಆ ಒಗರು ಮೆತ್ತಗಾಗಲು ಕಾಲ ಬೇಕು, ಕಾಲಕ್ಕೆ ಬಾಡಿಗೆ ಬೇಕು. ಬಿಳಿಯದಕ್ಕೆ ದ್ರಾಕ್ಷಿಯನ್ನು ಹಿಂಡಿ ಸಿಪ್ಪೆ ಬೇರ್ಪಡಿಸಿ, ರಸವನ್ನಷ್ಟೇ ಸ್ಟೀಲ್ ತೊಟ್ಟಿಯಲ್ಲಿ 12ರಿಂದ 18 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಹುದುಗಲು ಬಿಡುತ್ತಾರೆ. ಕೆಲವು ವಾರಗಳ ಕೆಲಸ. ಶರತ್ಕಾಲದಲ್ಲಿ ಕೊಯ್ದ ಹಣ್ಣು ವಸಂತದ ಹೊತ್ತಿಗೆ ಬಾಟಲಿಯಲ್ಲಿರುತ್ತದೆ. ಬೆಳೆಗಾರನಿಗೆ ದುಡ್ಡು ಬೇಗ ಕೈಸೇರುತ್ತದೆ, ನಮಗೆ ತಾಜಾತನ ಸಿಗುತ್ತದೆ.

ಓಕ್ ಪೀಪಾಯಿಯ ಲೆಕ್ಕವೇ ಬೇರೆ. ಬೋರ್ಡೊ ಮಾದರಿಯ ಪೀಪಾಯಿಯಲ್ಲಿ 225 ಲೀಟರ್ ಹಿಡಿಯುತ್ತದೆ; ಅಂದರೆ 300 ಬಾಟಲಿ. ಮೂರು ನಾಲ್ಕು ಕೊಯ್ಲಾದ ಮೇಲೆ ಮರದ ಘಮ ಮುಗಿದುಹೋಗುತ್ತದೆ. ಆ ಖರ್ಚನ್ನು ಅಗ್ಗದ ವೈನ್ ಹೊರಲಾರದು. ಹಾಗಾದರೆ ಕಡಿಮೆ ಬೆಲೆಯ ಶಾರ್ಡನೇಯಲ್ಲಿ ವೆನಿಲ್ಲಾದ ವಾಸನೆ ಹೇಗೆ ಬರುತ್ತದೆ? ತೊಟ್ಟಿಗೆ ಇಳಿಬಿಟ್ಟ ಓಕ್ ಹಲಗೆಯಿಂದ, ಇಲ್ಲವೇ ಚೀಲದಲ್ಲಿ ಕಟ್ಟಿ ಅದ್ದಿದ ಓಕ್ ಚಕ್ಕೆಗಳಿಂದ. ಇದು ಕಾನೂನುಬಾಹಿರವೇನಲ್ಲ, ಆರೋಗ್ಯಕ್ಕೆ ಕೇಡೂ ಅಲ್ಲ. ಆದರೆ ಬಾಯಲ್ಲಿಟ್ಟರೆ ವೈನ್ ಒಂದು ಕಡೆ, ಮರ ಇನ್ನೊಂದು ಕಡೆ, ಎರಡಕ್ಕೂ ಮಾತುಕತೆಯಿಲ್ಲ. ಹಿಂದಿನ ಲೇಬಲ್ಲಿನಲ್ಲಿ ಓಕ್, ವೆನಿಲ್ಲಾ, ಬೆಣ್ಣೆ ಎಂಬ ಮಾತುಗಳು ಕಂಡರೆ, ಬೆಲೆಯೂ ಕಡಿಮೆಯಿದ್ದರೆ, ನಾನು ಬಾಟಲಿಯನ್ನು ಇದ್ದಲ್ಲೇ ಇಡುತ್ತೇನೆ.

ಮೊದಲು ಹಿಡಿಯಬೇಕಾದ ಹೆಸರು ಮಸ್ಕಡೇ. ಫ್ರಾನ್ಸಿನಲ್ಲಿ ಲ್ವಾರ್ ನದಿ ಅಟ್ಲಾಂಟಿಕ್ ಸೇರುವ ಮುನ್ನ ನಾಂತ್ ಪಟ್ಟಣದ ಸುತ್ತ ಬೆಳೆಯುವ ವೈನ್ ಇದು. ಮಸ್ಕಟ್, ಮೊಸ್ಕಾಟೊ ಎಂಬ ಸಿಹಿ ಘಮದ ವೈನುಗಳಿಗೂ ಇದಕ್ಕೂ ಹೆಸರಿನ ಪ್ರಾಸ ಬಿಟ್ಟರೆ ಯಾವ ನಂಟೂ ಇಲ್ಲ. ದ್ರಾಕ್ಷಿಯ ಹೆಸರು ಮೆಲೋನ್ ದ ಬೂರ್ಗೋನ್. 1709ರ ಭೀಕರ ಚಳಿಗೆ ಅಲ್ಲಿನ ಬಳ್ಳಿಗಳೆಲ್ಲ ಸತ್ತಾಗ, ಹಿಮಕ್ಕೆ ಜಗ್ಗದ ತಳಿಯೆಂದು ಇದು ಅಲ್ಲಿ ಬೇರೂರಿತು. ನಿಜ ಹೇಳಬೇಕೆಂದರೆ ಈ ಹಣ್ಣಿಗೆ ಸ್ವಂತದ ಘಮ ಅಷ್ಟಾಗಿ ಇಲ್ಲ. ಆ ಕೊರತೆಯನ್ನು ತುಂಬುವುದು ಗಷ್ಟು. ಹುದುಗು ಮುಗಿದ ಮೇಲೆ ಸತ್ತ ಯೀಸ್ಟ್ ತಳಕ್ಕಿಳಿದು ನಿಲ್ಲುತ್ತದೆ. ಸಾಮಾನ್ಯವಾಗಿ ವೈನನ್ನು ಅದರ ಮೇಲಿಂದ ಬಸಿದು ತೆಗೆಯುತ್ತಾರೆ. ಇಲ್ಲಿ ಚಳಿಗಾಲವಿಡೀ ಅದರ ಮೇಲೆಯೇ ಬಿಟ್ಟು, ನೇರ ಬಾಟಲಿಗೆ ತುಂಬುತ್ತಾರೆ. ಲೇಬಲ್ಲಿನಲ್ಲಿ ‘ಸ್ಯೂರ್ ಲೀ’ ಎಂದಿದ್ದರೆ ಅದೇ ಅರ್ಥ, ‘ಗಷ್ಟಿನ ಮೇಲೆ’.

ಬಾಟಲಿ ತೆರೆದು ಲೋಟಕ್ಕೆ ಬಗ್ಗಿಸಿದಾಗ ಬಣ್ಣ ಹೆಚ್ಚುಕಡಿಮೆ ನೀರಿನದೇ, ಅಂಚಿನಲ್ಲಷ್ಟೇ ಹಸಿರಿನ ಛಾಯೆ. ಕೆಲವೊಮ್ಮೆ ಗಾಜಿಗೆ ನಾಲ್ಕಾರು ಸಣ್ಣ ಗುಳ್ಳೆ ಅಂಟಿಕೊಂಡಿರುತ್ತವೆ. ಗಷ್ಟಿನ ಜೊತೆ ಉಳಿದ ಅನಿಲ ಅದು. ಮೂಗಿಗೆ ಮೊದಲು ಸಿಗುವುದು ನಿಂಬೆಯ ಸಿಪ್ಪೆ, ಆಮೇಲೆ ಒದ್ದೆ ಕಲ್ಲು, ಲೋಟವನ್ನು ತಿರುಗಿಸಿದರೆ ಬ್ರೆಡ್ಡಿನ ಹಿಟ್ಟು. ಬಾಯಲ್ಲಿ ನೇರವಾದ ಹುಳಿ, ಆ ಹುಳಿಯ ಅಡಿಯಲ್ಲಿ ಒಂದು ಮೆತ್ತನೆಯ ಹಾಸು. ನುಂಗಿದ ಮೇಲೆ ಸಣ್ಣಗೆ ಉಪ್ಪು. ಇಷ್ಟು ಕೆಲಸ ಮಾಡಿಸಿಕೊಂಡ ವೈನ್ ಇಷ್ಟು ಕಡಿಮೆ ಬೆಲೆಗೆ ಸಿಗುವುದಕ್ಕೆ ಕಾರಣ ಒಂದೇ: ಅದು ಜನರ ಬಾಯಲ್ಲಿಲ್ಲ. ‘ಸೆವ್ರ್ ಎ ಮೇನ್’ ಎಂಬ ಒಳಪ್ರದೇಶದ ಹೆಸರು ಜೊತೆಗಿದ್ದರೆ ಇನ್ನೂ ಭರವಸೆ. ಕ್ಲಿಸೋನ್, ಗೋರ್ಜ್, ಲ ಪಾಲೇ ಎಂಬ ಊರುಗಳ ವೈನಿಗೆ 2011ರಲ್ಲಿ ಪ್ರತ್ಯೇಕ ಮಾನ್ಯತೆ ಸಿಕ್ಕಿತು. ಅವು ಗಷ್ಟಿನ ಮೇಲೆ ಹೆಚ್ಚು ಕಾಲ ಇದ್ದು, ಬೆಲೆಯಲ್ಲಿ ತುಸು ಮೇಲಿದ್ದರೂ, ಅವುಗಳಿಗೆ ಸರಿಸಾಟಿಯಾಗುವ ಪ್ರಸಿದ್ಧ ವೈನುಗಳ ಬೆಲೆಯ ಹತ್ತಿರಕ್ಕೂ ಹೋಗುವುದಿಲ್ಲ.

ಇನ್ನೊಂದು ಶೆನಿನ್ ಬ್ಲಾಂಕ್. ಮೂಲ ಅದೇ ಲ್ವಾರ್ ಕಣಿವೆಯಾದರೂ ಅಗ್ಗದ ಬೆಲೆಗೆ ಹುಡುಕಬೇಕಾದದ್ದು ದಕ್ಷಿಣ ಆಫ್ರಿಕಾದ್ದನ್ನು. ಅಲ್ಲಿ ಅತಿ ಹೆಚ್ಚು ಬೆಳೆಯುವ ದ್ರಾಕ್ಷಿ ಇದೇ. ‘ಸ್ಟೀನ್’ ಎಂಬ ಸ್ಥಳೀಯ ಹೆಸರಿನಲ್ಲಿ ಬಹುಕಾಲ ಓಡಾಡಿಕೊಂಡಿತ್ತು. ಅದು ಶೆನಿನ್ ಎಂದೇ ಖಚಿತವಾದದ್ದು 1960ರ ದಶಕದಲ್ಲಿ. ಬ್ರಾಂದಿ ಭಟ್ಟಿಗೆಂದು ನೆಟ್ಟ ಬಳ್ಳಿಗಳು ವೈನಿನ ಕಾಲ ಬರುವಷ್ಟರಲ್ಲಿ ಮುದಿಯಾಗಿದ್ದವು. ಮುದಿ ಬಳ್ಳಿ ಕಡಿಮೆ ಹಣ್ಣು ಬಿಡುತ್ತದೆ, ಬಿಟ್ಟ ಹಣ್ಣಿನಲ್ಲಿ ಸಾರ ಹೆಚ್ಚು. 35 ವರ್ಷ ದಾಟಿದ ತೋಟದ್ದಾದರೆ ಬಾಟಲಿಯ ಕೊರಳಿಗೆ ನೆಟ್ಟ ವರ್ಷವಿರುವ ಮುದ್ರೆಯನ್ನೇ ಅಂಟಿಸುವುದುಂಟು. ಅಂಥದ್ದು ಕೈಗೆಟುಕುವ ಬೆಲೆಯಲ್ಲಿ ಕಂಡರೆ ನಾನು ಎರಡು ಬಾಟಲಿ ತೆಗೆದುಕೊಳ್ಳುತ್ತೇನೆ. ಮುದ್ರೆಯಿಲ್ಲದ ಸಾದಾ ಶೆನಿನ್ ಕೂಡ ಸೇಬು, ಜೇನಿನ ಘಮದಲ್ಲಿ ಮೋಸ ಮಾಡುವುದು ಅಪರೂಪ.

ಮೂರನೆಯದು ಕೋಟ್ ದ ಗಾಸ್ಕೋನ್. ಫ್ರಾನ್ಸಿನ ನೈರುತ್ಯ ಮೂಲೆ, ಆರ್ಮನ್ಯಾಕ್ ಬ್ರಾಂದಿಯ ನಾಡು. ಬ್ರಾಂದಿ ಕೊಳ್ಳುವವರು ಕಡಿಮೆಯಾದಾಗ ಅದೇ ಕೊಲೊಂಬಾರ್, ಯೂನಿ ಬ್ಲಾಂ ದ್ರಾಕ್ಷಿಗಳನ್ನು ತಂಪು ತೊಟ್ಟಿಗೆ ಹಾಕಿ ಹಗುರವಾದ ವೈನ್ ಮಾಡಲು ಕಲಿತರು. ಗಂಭೀರವಾದದ್ದೇನಲ್ಲ, ಚಕೋತದ ಹಣ್ಣಿನಂಥ ಹುಳಿ ಅಷ್ಟೇ. ಆದರೆ ಅಗ್ಗದ ಸೋವಿನ್ಯೋನ್ ಬ್ಲಾಂಕ್ ಕುಡಿದು ಹಸಿ ಹುಲ್ಲು ಜಗಿದಂತಾಯಿತು ಎನ್ನುವವರಿಗೆ ನಾನು ಕೊಡುವ ಮದ್ದು ಇದೇ.

ಆಸ್ಟ್ರಿಯಾದ ಗ್ರೂನರ್ ವೆಲ್ಟ್‌ಲೀನರ್ ಎಂಬ ದ್ರಾಕ್ಷಿಯ ಬಗ್ಗೆ ಒಂದು ಮಾತು. 1985ರಲ್ಲಿ ಅಲ್ಲಿನ ಕೆಲವು ವ್ಯಾಪಾರಿಗಳು ವೈನಿಗೆ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ರಾಸಾಯನಿಕ ಬೆರೆಸಿದ್ದು ಬಯಲಾಗಿ ಇಡೀ ದೇಶದ ವೈನಿಗೆ ಮಾರುಕಟ್ಟೆ ಬಾಗಿಲು ಹಾಕಿತು. ಆಮೇಲೆ ಬಂದ ಕಾಯಿದೆ ಎಷ್ಟು ಬಿಗಿಯಾಗಿದೆಯೆಂದರೆ ಅಲ್ಲಿನ ಸಾಮಾನ್ಯ ವೈನನ್ನೂ ಕಣ್ಣುಮುಚ್ಚಿ ಕೊಳ್ಳಬಹುದು. ಸೋಡಾ ಬಾಟಲಿಯಂಥ ತಗಡಿನ ಮುಚ್ಚಳ ಹಾಕಿದ ಒಂದು ಲೀಟರಿನ ಬಾಟಲಿಗಳೂ ಇವೆ. ನೋಟಕ್ಕೆ ಏನೂ ಇಲ್ಲ. ಒಳಗೆ ಬಿಳಿ ಮೆಣಸಿನ ಸಣ್ಣ ಖಾರ, ಜೊತೆಗೆ ಕಾಲು ಲೀಟರ್ ಹೆಚ್ಚು.

ಹೆಸರಾಂತ ಊರಿನ ಪಕ್ಕದ ಊರನ್ನು ನೋಡುವುದು ನಮ್ಮ ಕಸುಬಿನವರ ಹಳೆಯ ಉಪಾಯ. ಫ್ರಾನ್ಸಿನ ಸಾನ್ಸೇರ್ ದುಬಾರಿಯೆನಿಸಿದರೆ ಅದೇ ದ್ರಾಕ್ಷಿಯ ತುರೇನ್. ಪ್ವಿ ಫ್ವಿಸೇ ಬದಲು ಮಾಕೋನ್ ವಿಲ್ಲಾಜ್. ಬೂರ್ಗೋನ್ ಶಾರ್ಡನೇ ಬದಲು ಅದೇ ನಾಡಿನ ಇನ್ನೊಂದು ದ್ರಾಕ್ಷಿ, ಅಲಿಗೋತೇ. ಆದರೆ ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ಇಟಲಿಯ ಸೊವಾವೆಯಲ್ಲಿ ಹೆಸರು ಮಾಡಿದ್ದು ಗುಡ್ಡದ ಮೇಲಿನ ತೋಟಗಳು. ಆ ಹೆಸರನ್ನು ಆಮೇಲೆ ತಗ್ಗಿನ ಬಯಲಿಗೂ ಹಿಗ್ಗಿಸಿದರು. ಅಲ್ಲಿ ಆ ಹಳೆಯ ಗುಡ್ಡದ ತೋಟಗಳ ಗುರುತಾದ ‘ಕ್ಲಾಸಿಕೊ’ ಎಂಬ ಪದವಿರುವುದನ್ನೇ ಕೇಳಿ ತೆಗೆದುಕೊಳ್ಳಬೇಕು. ಬೆಲೆಯ ವ್ಯತ್ಯಾಸ ಸ್ವಲ್ಪ, ರುಚಿಯದು ಬಹಳ.

ಲೇಬಲ್ ನೋಡುವಾಗ ನನ್ನ ಕಣ್ಣು ಮೊದಲು ಹೋಗುವುದು ವರ್ಷಕ್ಕೆ. ಅಗ್ಗದ ಬಿಳಿ ವೈನ್ ಇಟ್ಟರೆ ಮಾಗುವುದಿಲ್ಲ, ಮುದಿಯಾಗುತ್ತದೆ. ಎರಡು ವರ್ಷ ದಾಟಿದ್ದರೆ ನಾನು ಮುಟ್ಟುವುದಿಲ್ಲ. ಜರ್ಮನಿ ಮೂಲದ ರೀಸ್ಲಿಂಗ್ ದ್ರಾಕ್ಷಿಯದು, ಒಳ್ಳೆಯ ಶೆನಿನ್ ಇದಕ್ಕೆ ಹೊರತು. ಭೂಮಧ್ಯರೇಖೆಯ ಕೆಳಗಿನ ದೇಶಗಳಲ್ಲಿ ಕೊಯ್ಲು ಫೆಬ್ರುವರಿಯಿಂದ ಏಪ್ರಿಲಿನವರೆಗೆ ನಡೆಯುವುದರಿಂದ ಒಂದೇ ವರ್ಷ ನಮೂದಾಗಿದ್ದರೂ ಚಿಲಿಯ ವೈನ್ ಸ್ಪೇನಿನದಕ್ಕಿಂತ ಸುಮಾರು ಆರು ತಿಂಗಳು ಹಿರಿಯದು.

ಆಮೇಲೆ ಆಲ್ಕೊಹಾಲ್ ಪ್ರಮಾಣ. ರೀಸ್ಲಿಂಗ್ ಸಿಹಿಯೋ ಅಲ್ಲವೋ ಎಂಬ ಗೊಂದಲ ಎಲ್ಲರದೂ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ 1ರಷ್ಟು ಆಲ್ಕೊಹಾಲ್ ಹುಟ್ಟುತ್ತದೆ. ಆದ್ದರಿಂದ ಜರ್ಮನಿಯ ಮೋಸೆಲ್ ಕಣಿವೆಯ ರೀಸ್ಲಿಂಗ್ ಮೇಲೆ ಶೇ 8 ಎಂದಿದ್ದರೆ ಸಕ್ಕರೆ ಹುದುಗದೆ ಉಳಿದಿದೆ, ವೈನ್ ಸಿಹಿ. ಶೇ 12ರ ಆಸುಪಾಸಿದ್ದರೆ, ಅಥವಾ ‘ಟ್ರೊಕೆನ್’ ಎಂದಿದ್ದರೆ ಸಿಹಿಯಿಲ್ಲ. ಬಾಟಲಿ ತೆರೆಯದೆ ಒಳಗನ್ನು ಇಣುಕಿ ನೋಡುವ ಕಿಟಕಿ ಈ ಒಂದು ಅಂಕಿ.

ತಿರುಪು ಮುಚ್ಚಳ ಕಂಡು ಮೂಗು ಮುರಿಯಬೇಡಿ. ಕೆಟ್ಟ ಬಿರಡೆಯಿಂದ ಹತ್ತುವ ಮುಗ್ಗಲು ವಾಸನೆಗೆ ಲೀಟರಿಗೆ ಕೆಲವೇ ನ್ಯಾನೊಗ್ರಾಂ ರಾಸಾಯನಿಕ ಸಾಕು. ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯ ರೀಸ್ಲಿಂಗ್ ತಯಾರಕರು 2000ದ ಕೊಯ್ಲಿನಿಂದ ಗುಂಪಾಗಿ ತಿರುಪು ಮುಚ್ಚಳಕ್ಕೆ ಬದಲಾದದ್ದು ಅಗ್ಗ ಮಾಡಲಲ್ಲ, ಈ ಕಾಟ ತಪ್ಪಿಸಿಕೊಳ್ಳಲು. ಭಾರದ ಬಾಟಲಿಯ ವಿಷಯ ಇದಕ್ಕೆ ತದ್ವಿರುದ್ಧ: ಕೈಗೆ ಕಲ್ಲಿನಂತೆ ತೂಗುವ ಗಾಜಿಗೆ ದುಡ್ಡು ಕೊಟ್ಟವರು ನೀವೇ. ಹೊರಗೆ ಥಳುಕು, ಒಳಗೆ ಹುಳುಕು ಎಂಬ ಮಾತು ನೆನಪಾಗುವುದು ಆಗಲೇ.

ಗಾಜಿನ ಬಣ್ಣದ ವಿಷಯದಲ್ಲಿ ನಾನೇ ಕೈ ಸುಟ್ಟುಕೊಂಡಿದ್ದೇನೆ. ವೃತ್ತಿಯ ಆರಂಭದಲ್ಲಿ ಬಣ್ಣವಿಲ್ಲದ ಗಾಜಿನ ಬಾಟಲಿಗಳಲ್ಲಿ ಬಂದ ಸೊಗಸಾದ ವೈನೊಂದನ್ನು ಚೆಂದಕ್ಕೆಂದು ದೀಪದ ಕೆಳಗಿನ ಸಾಲಿನಲ್ಲಿ ಜೋಡಿಸಿದ್ದೆ. ವಾರಗಳ ನಂತರ ತೆರೆದರೆ ಬೆಂದ ಎಲೆಕೋಸಿನ ವಾಸನೆ. ಪೆಟ್ಟಿಗೆಯಲ್ಲೇ ಉಳಿದಿದ್ದ ಅದೇ ವೈನ್ ಚೆನ್ನಾಗಿತ್ತು. ಬೆಳಕಿನ ನೀಲಿ ಮತ್ತು ಅತಿನೇರಳೆ ಕಿರಣಗಳು ವೈನಿನಲ್ಲಿರುವ ರೈಬೊಫ್ಲೇವಿನ್ ಎಂಬ ವಿಟಮಿನ್ ಮೂಲಕ ಗಂಧಕದ ದುರ್ವಾಸನೆ ಹುಟ್ಟಿಸುತ್ತವೆ; ಹಸಿರು ಗಾಜು ಇದನ್ನು ಒಂದಿಷ್ಟು ತಡೆಯುತ್ತದೆ, ಬಣ್ಣವಿಲ್ಲದ್ದು ತಡೆಯುವುದೇ ಇಲ್ಲ. ಈಗ ನಾನು ಯಾವ ಅಂಗಡಿಗೆ ಹೋದರೂ ಮುಂದಿನ ಸಾಲನ್ನು ಬಿಟ್ಟು ಹಿಂದಕ್ಕೆ ಕೈ ಹಾಕುತ್ತೇನೆ, ಸಾಧ್ಯವಾದರೆ ತೆರೆಯದ ಪೆಟ್ಟಿಗೆಯಿಂದ ಕೊಡಿ ಎನ್ನುತ್ತೇನೆ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ.

ಮನೆಗೆ ತಂದ ಮೇಲೆ ಒಂದು ಪರೀಕ್ಷೆ ಮಾಡಿ. ಮಂಜಿನಂತೆ ತಣ್ಣಗಾದರೆ ಯಾವ ವೈನಿನ ಕೊರತೆಯೂ ಕಾಣುವುದಿಲ್ಲ, ಯಾವ ಗುಣವೂ ಕಾಣುವುದಿಲ್ಲ. 8ರಿಂದ 10 ಡಿಗ್ರಿಯಲ್ಲಿ ಬಗ್ಗಿಸಿ, ಅರ್ಧ ಲೋಟ ಕುಡಿದು ಉಳಿದದ್ದನ್ನು ಮೇಜಿನ ಮೇಲೆ ಮರೆತುಬಿಡಿ. ಇಪ್ಪತ್ತು ನಿಮಿಷದ ನಂತರ ಮೂಸಿ ನೋಡಿ. ಕಳಪೆ ವೈನ್ ಅಷ್ಟರಲ್ಲಿ ಅಂಟಂಟು ಸಿಹಿಯನ್ನೋ ಹಸಿ ಸ್ಪಿರಿಟ್ಟಿನ ಉರಿಯನ್ನೋ ಹೊರಗೆ ಹಾಕಿರುತ್ತದೆ. ಒಳ್ಳೆಯದಾಗಿದ್ದರೆ ಆಗಷ್ಟೇ ಬಾಯಿ ಬಿಟ್ಟಿರುತ್ತದೆ.

ನಮ್ಮ ಕೆಲಸದಲ್ಲಿ ಬಾಟಲಿಗಳಿಗೆ ಬಟ್ಟೆ ಸುತ್ತಿ, ಹೆಸರು ಕಾಣದಂತೆ ರುಚಿ ನೋಡಿ ಅಂಕ ಹಾಕುತ್ತೇವೆ. ಇಪ್ಪತ್ತು, ಮೂವತ್ತು ವೈನ್ ಸವಿದು ಉಗುಳಿ, ಬರೆದು, ವಾದಿಸಿ ಮುಗಿಯುವಾಗ ಸಂಜೆಯಾಗಿರುತ್ತದೆ. ಆಮೇಲೆ ಉಳಿದದ್ದರಲ್ಲಿ ಬೇಕಾದದ್ದನ್ನು ಬಗ್ಗಿಸಿಕೊಂಡು ಕೂರುತ್ತೇವೆ. ಅಂಕಪಟ್ಟಿಯನ್ನು ನಾನು ಮೇಲಧಿಕಾರಿಗಳಿಗೆ ಕಳಿಸುತ್ತೇನೆ, ಕಣ್ಣನ್ನು ಮಾತ್ರ ಮೇಜಿನ ಮೇಲೆ ಇಟ್ಟಿರುತ್ತೇನೆ. ಹೆಚ್ಚು ಅಂಕ ಪಡೆದ ದುಬಾರಿ ಬಾಟಲಿ ಅರ್ಧಕ್ಕೇ ನಿಂತಿರುತ್ತದೆ. ತಗಡಿನ ಮುಚ್ಚಳದ ಆ ಒಂದು ಲೀಟರಿನದು ಎಷ್ಟೋ ಸಲ ಎಲ್ಲಕ್ಕಿಂತ ಮೊದಲು ಬರಿದಾಗಿರುತ್ತದೆ.